ಮನಸ್ಸಿನ ಕಾಯಿಲೆಗೆ ಹೆಸರಿಡುವ ಕಷ್ಟ



1986ರ ಸುಮಾರಿಗೆ ನನ್ನ ಹತ್ತನೆಯ ತರಗತಿಯ ಹುಡುಗನೊಬ್ಬ ಹಲವು ರಾತ್ರಿ ನಿದ್ದೆಗೆಟ್ಟು, ತನ್ನನ್ನು ಯಾರೋ ಕರೆಯುತ್ತಿದ್ದಾರೆಂದು ಹೇಳತೊಡಗಿದ. ಮೊದಲು ನೋಡಿದ ವೈದ್ಯರು ಸ್ಕಿಜೋಫ್ರೇನಿಯಾ ಎಂದರು. ಮೂರು ವರ್ಷಗಳ ಬಳಿಕ ಬೇರೊಬ್ಬರು ಉನ್ಮಾದ-ಖಿನ್ನತೆಯ ಕಾಯಿಲೆ ಎಂದರು. “ಹಾಗಾದರೆ ಮೊದಲನೆಯವರು ಸುಳ್ಳು ಹೇಳಿದರೇ ಮೇಷ್ಟ್ರೇ?” ಎಂದು ಅವನ ತಾಯಿ ಕೇಳಿದಾಗ ಚರಿತ್ರೆಯ ಮೇಷ್ಟ್ರಾದ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಚರಿತ್ರೆಯಲ್ಲೇ ಇತ್ತೆಂಬುದು ನಿವೃತ್ತಿಯ ಅನಂತರ ಓದಿದಾಗ ತಿಳಿಯಿತು.

ಈ ಎರಡು ಕಾಯಿಲೆಗಳ ನಡುವೆ ಗಡಿ ಎಳೆದವನು ಜರ್ಮನಿಯ ಎಮಿಲ್ ಕ್ರೇಪೆಲಿನ್. 1891ರಲ್ಲಿ ಹೈಡೆಲ್‌ಬರ್ಗಿಗೆ ಬಂದ ಈತ ಪ್ರತಿ ರೋಗಿಗೂ ಒಂದೊಂದು ಕಾರ್ಡು ಮಾಡಿ, ರೋಗಿ ಆಸ್ಪತ್ರೆ ಬಿಟ್ಟ ಮೇಲೆ ಏನಾದನೆಂಬುದನ್ನೂ ಗುರುತಿಸಿಡಲು ಯತ್ನಿಸಿದ. (ನಮ್ಮ ಹಾಜರಿ ಪುಸ್ತಕಕ್ಕೂ ಇಷ್ಟು ಶ್ರದ್ಧೆ ಇದ್ದಿದ್ದರೆ!) ಒಂದು ದಿನದ ಲಕ್ಷಣಗಳಿಗಿಂತ ಕಾಯಿಲೆ ಸಾಗುವ ಹಾದಿಯೇ ಮುಖ್ಯವೆಂದು ಅವನು ಕಂಡುಕೊಂಡ. 1899ರಲ್ಲಿ ತನ್ನ ಪಠ್ಯಪುಸ್ತಕದ ಆರನೆಯ ಆವೃತ್ತಿಯಲ್ಲಿ ಕ್ರಮೇಣ ಬುದ್ಧಿಯನ್ನು ಕುಂದಿಸುವ ‘ಡಿಮೆನ್ಷಿಯಾ ಪ್ರೀಕಾಕ್ಸ್’ ಒಂದು ಕಡೆ, ಬಂದು ಹೋಗುತ್ತ ನಡುನಡುವೆ ಮನಸ್ಸನ್ನು ತಿಳಿಯಾಗಿಸುವ ಉನ್ಮಾದ-ಖಿನ್ನತೆ ಇನ್ನೊಂದು ಕಡೆ ಎಂದು ವಿಂಗಡಿಸಿದ. ಮೊದಲನೆಯದಕ್ಕೆ 1908ರಲ್ಲಿ ಸ್ಕಿಜೋಫ್ರೇನಿಯಾ ಎಂಬ ಹೆಸರಿತ್ತವನು ಸ್ವಿಟ್ಜರ್ಲೆಂಡಿನ ಬ್ಲಾಯ್ಲರ್.

ತೊಡಕು ಇಲ್ಲೇ ಇದೆ. ಹಾದಿ ನೋಡಿ ಹೆಸರಿಡಬೇಕು, ಆದರೆ ರೋಗಿ ಬರುವುದು ಹಾದಿಯ ಮೊದಲಲ್ಲಿ. ನಿದ್ದೆಯಿಲ್ಲದಿರುವುದು, ಸಂಶಯ, ಕಿವಿಯೊಳಗಿನ ದನಿ ಎರಡರಲ್ಲೂ ಇರಬಹುದು. ಅನೇಕ ರೋಗಿಗಳಲ್ಲಿ ಇವೆರಡನ್ನು ಬೇರ್ಪಡಿಸಲಾಗದೆಂದು 1920ರಲ್ಲಿ ಕ್ರೇಪೆಲಿನ್ನನೇ ಒಪ್ಪಿಕೊಂಡ. ಆ ಪ್ರಾಮಾಣಿಕತೆ ನನಗೆ ಅವನ ವಿಂಗಡಣೆಗಿಂತ ದೊಡ್ಡದೆನಿಸುತ್ತದೆ. 1933ರಲ್ಲಿ ಕಸಾನಿನ್ ಎಂಬ ವೈದ್ಯ ನಡುವಿನವರಿಗಾಗಿ ‘ಸ್ಕಿಜೋಅಫೆಕ್ಟಿವ್’ ಎಂಬ ಮೂರನೆಯ ಹೆಸರನ್ನು ತಂದ.

ಹೆಸರು ತಪ್ಪಿದರೆ ಆಗುವ ನಷ್ಟ ಸಣ್ಣದಲ್ಲ. ನ್ಯೂಯಾರ್ಕ್ ಮತ್ತು ಲಂಡನ್ನಿನ ಆಸ್ಪತ್ರೆಗಳನ್ನು ಹೋಲಿಸಿದ ಅಧ್ಯಯನವೊಂದು 1972ರಲ್ಲಿ ಪ್ರಕಟವಾಯಿತು. ಅಮೆರಿಕದ ವೈದ್ಯರು ಸ್ಕಿಜೋಫ್ರೇನಿಯಾ ಎಂದು ಬರೆಯುವುದು ಬಹಳ ಹೆಚ್ಚಾಗಿತ್ತು. ಎರಡೂ ಊರುಗಳ ರೋಗಿಗಳನ್ನು ಒಂದೇ ಕ್ರಮದಲ್ಲಿ ಪರೀಕ್ಷಿಸಿದಾಗ ವ್ಯತ್ಯಾಸದ ಬಹುಪಾಲು ಕರಗಿತು. ಎಂದರೆ ವ್ಯತ್ಯಾಸವಿದ್ದುದು ಹೆಚ್ಚಾಗಿ ವೈದ್ಯರಲ್ಲಿ, ರೋಗಿಗಳಲ್ಲಲ್ಲ. ಉನ್ಮಾದಕ್ಕೆ ಲಿಥಿಯಂ ಫಲಿಸುತ್ತದೆಂದು ಆಸ್ಟ್ರೇಲಿಯದ ಕೇಡ್ 1949ರಲ್ಲೇ ತೋರಿಸಿದ್ದ. ತಪ್ಪು ಹೆಸರು ಹೊತ್ತವರಲ್ಲಿ ಎಷ್ಟು ಮಂದಿ ಆ ಔಷಧಿಯಿಂದ ದೂರ ಉಳಿದರೋ!

1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ, ಆರು ತಿಂಗಳಾದರೂ ಕಾಯಿಲೆಯ ಗುರುತುಗಳು ಮುಂದುವರಿಯದೆ ಸ್ಕಿಜೋಫ್ರೇನಿಯಾ ಎನ್ನಬಾರದೆಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಒಂಬತ್ತು ಕೇಂದ್ರಗಳ ಅಧ್ಯಯನದಲ್ಲಿ ನಮ್ಮ ಆಗ್ರಾವೂ ಇತ್ತು. ಎರಡು ವರ್ಷಗಳ ಬಳಿಕ ನೋಡಿದಾಗ ಸ್ಕಿಜೋಫ್ರೇನಿಯಾ ಎಂದು ಗುರುತಿಸಿದ ಅಲ್ಲಿನ ರೋಗಿಗಳ ಸ್ಥಿತಿ ಐರೋಪ್ಯ ಕೇಂದ್ರಗಳವರಿಗಿಂತ ಒಟ್ಟಿನಲ್ಲಿ ಮೇಲಾಗಿತ್ತು.

ಈಗ ಎಷ್ಟೋ ವೈದ್ಯರು ಮೊದಲ ಭೇಟಿಯಲ್ಲಿ ಹೆಸರನ್ನು ತಡೆದಿಟ್ಟು, ಚಿಕಿತ್ಸೆಯನ್ನು ಮಾತ್ರ ತಡಮಾಡದೆ ಆರಂಭಿಸುತ್ತಾರೆ. ಆ ಹುಡುಗನಿಗೆ ಈಗ ಐವತ್ತೈದು ದಾಟಿದೆ. ಅಂಗಡಿ ನಡೆಸುತ್ತಾನೆ, ರಾತ್ರಿ ಮಾತ್ರೆ ತಪ್ಪಿಸುವುದಿಲ್ಲ. ಹೋದ ಯುಗಾದಿಗೆ ಬಂದವನಿಗೆ ಈ ಕಥೆಯನ್ನೆಲ್ಲ ಹೇಳಿದೆ. “ಅಮ್ಮ ಇದ್ದಿದ್ದರೆ ಕೇಳುತ್ತಿದ್ದಳು ಸರ್,” ಎಂದ.