ಬಣ್ಣ ಬದಲಾಯಿತು, ಬಾಟಲಿ ಬದಲಾಗಲಿಲ್ಲ: ಐದು ತಾಲ್ಲೂಕುಗಳ ಗಾಡಿ ಹೊಳಪಿನ ಚರಿತ್ರೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ಐದು ತಾಲ್ಲೂಕುಗಳ ದೊಡ್ಡ ರಸ್ತೆಗಳ ಬದಿಗೆ ಈಗ ವಾಷಿಂಗ್ ಸೆಂಟರ್‌ಗಳಿಗೆ ಬರವಿಲ್ಲ. ಕೆಲವು ಕಡೆ ಬೋರ್ಡಿನ ಮೇಲೆ ‘ಡಿಟೇಲಿಂಗ್ ಸ್ಟುಡಿಯೋ’ ಎಂದೇ ಬರೆದಿರುತ್ತದೆ. ಫೋಮ್ ವಾಶ್, ವ್ಯಾಕ್ಸ್, ಟೆಫ್ಲಾನ್, ಸಿರಾಮಿಕ್ ಎಂದು ದರಪಟ್ಟಿ ತೂಗಾಡುತ್ತಿರುತ್ತದೆ. ದುಡ್ಡು ಕೊಟ್ಟು ಮಾಡಿಸಿಕೊಂಡವರಿಂದ ಕೇಳಿಬರುವ ಮಾತೂ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ: “ಹದಿನೈದ ದಿನಾ ಚೊಲೊ ಹೊಳೀತ್ರಿ, ಆಮ್ಯಾಲ ಹೆಂಗಿತ್ತೋ ಹಂಗ ಆತು.”

ಇದಕ್ಕೆ ನಮ್ಮ ಕಡೆ ಮೂರು ಉತ್ತರಗಳು ಸಿದ್ಧವಾಗಿರುತ್ತವೆ. ಮಾಲು ಡೂಪ್ಲಿಕೇಟು, ಹುಡುಗರು ಸರಿಯಾಗಿ ಹಚ್ಚಲಿಲ್ಲ, ಅಗ್ಗದ್ದು ತಂದದ್ದಕ್ಕೆ ಹೀಗಾಯಿತು. ಮೂರರಲ್ಲೂ ಸ್ವಲ್ಪ ನಿಜವಿದೆ. ಆದರೆ ಅಸಲಿ ಮಾಲನ್ನು ಕೈ ಪಳಗಿದವರೇ ಹಚ್ಚಿದರೂ ನಿರಾಸೆಯಾಗುವುದುಂಟು. ನಾವು ಇಲ್ಲಿ ಹೇಳಹೊರಟಿರುವುದು ನಾಲ್ಕನೆಯ ಕಾರಣ. ಈ ಪ್ರತಿಯೊಂದು ಪದಾರ್ಥವೂ ಯಾವುದೋ ಒಂದು ಕಾಲದ, ಯಾವುದೋ ಒಂದು ಬಗೆಯ ಮೇಲ್ಮೈಗಾಗಿ ಹುಟ್ಟಿದ್ದು. ಆ ಮೇಲ್ಮೈ ಬದಲಾದ ಮೇಲೂ ಪದಾರ್ಥ, ಅದಕ್ಕಿಂತ ಹೆಚ್ಚಾಗಿ ಅದನ್ನು ಬಳಸುವ ರೂಢಿ, ಹಾಗೇ ಉಳಿದುಕೊಂಡಿತು. ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎಣ್ಣೆ ಕುಡಿಯುವ ವಸ್ತುಗಳ ಕಾಲ

ಮೋಟಾರು ಬರುವ ಮೊದಲು ನಮ್ಮ ಮನೆಗಳಲ್ಲಿ ಹೊಳಪು ಕೊಡಬೇಕಾದ ವಸ್ತುಗಳು ಕೆಲವೇ ಇದ್ದವು. ಬಂಡಿಯ ಕಟ್ಟಿಗೆ, ಎತ್ತಿನ ಕೋಡು, ಹಿತ್ತಾಳೆಯ ಗೆಜ್ಜೆ, ತಾಮ್ರದ ಕೊಡ, ಕಾಲಿನ ಚಪ್ಪಲಿ. ಹಿತ್ತಾಳೆಗೆ ಹುಣಸೆಹಣ್ಣು ತಿಕ್ಕಿದರೆ ಅದರ ಹುಳಿ ಮೇಲಿನ ಕಿಲುಬನ್ನು ಕರಗಿಸುತ್ತದೆ. ಕಟ್ಟಿಗೆಗೆ ಎಣ್ಣೆ ಸವರಿದರೆ ಅದು ನಾರಿನೊಳಗೆ ಇಳಿಯುತ್ತದೆ.

ಚಪ್ಪಲಿಯ ಉದಾಹರಣೆ ಎಲ್ಲಕ್ಕಿಂತ ಸ್ಪಷ್ಟ. ಅಥಣಿ, ನಿಪ್ಪಾಣಿ, ಮದಭಾವಿಗಳಲ್ಲಿ ಹೊಲಿಯುವ ಚಪ್ಪಲಿಗೆ ಕೊಲ್ಲಾಪುರಿ ಎಂಬ ಹೆಸರು ಅಂಟಿಕೊಂಡಿದೆ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಅದರಲ್ಲಿ ಪಾಲು ಪಡೆದವು. ಈ ಚಪ್ಪಲಿಯ ತೊಗಲನ್ನು ಜಾಲಿಯ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದ ಮಾಡುತ್ತಾರೆ. ಮೇಲೆ ಪ್ಲಾಸ್ಟಿಕ್ಕಿನ ಪದರ ಇರುವುದಿಲ್ಲ. ಹಾಗಾಗಿ ಎಣ್ಣೆ ಹಚ್ಚಿದರೆ ಕುಡಿಯುತ್ತದೆ, ಮೆತ್ತಗಾಗುತ್ತದೆ, ಹೊಳೆಯುತ್ತದೆ.

ಇದೇ ಅನುಭವವನ್ನು ನಾವು ಕಾರಿನ ಸೀಟಿಗೂ ಒಯ್ದೆವು. ‘ಲೆದರ್ ಕಂಡಿಷನರ್’ ಬಾಟಲಿ ಕೊಂಡು ಸೀಟಿಗೆ ತಿಕ್ಕಿದರೆ ಸಂಜೆಗೆ ಜಿಡ್ಡು ಹಾಗೇ ಇರುತ್ತದೆ, ಮರುದಿನ ಅದರ ಮೇಲೆ ಧೂಳು ಕೂತಿರುತ್ತದೆ. ನಮ್ಮ ಕಡೆಯ ಬಹುಪಾಲು ಸೀಟುಗಳು ರೆಕ್ಸಿನ್, ಅಂದರೆ ಬಟ್ಟೆಯ ಮೇಲೆ ಪಿವಿಸಿ ಬಳಿದದ್ದು. ದುಬಾರಿ ಕಾರಿನ ನಿಜವಾದ ತೊಗಲಿನ ಮೇಲೂ ಸಾಮಾನ್ಯವಾಗಿ ಪಾಲಿಯುರೆಥೇನ್ ಪದರ ಇರುತ್ತದೆ. ಎಣ್ಣೆ ಇಳಿಯಲು ದಾರಿಯೇ ಇಲ್ಲ. ಅಲ್ಲಿ ಬೇಕಾದದ್ದು ಒದ್ದೆ ಬಟ್ಟೆ, ಸೌಮ್ಯವಾದ ಸೋಪಿನ ನೀರು, ಆಮೇಲೆ ಒಣ ಬಟ್ಟೆ.

ಡ್ಯೂಕೋದಿಂದ ಕ್ಲಿಯರ್ ಕೋಟ್‌ವರೆಗೆ

ಮೊದಮೊದಲ ಕಾರುಗಳಿಗೆ ಕುದುರೆ ಸಾರೋಟಿಗೆ ಬಳಿಯುತ್ತಿದ್ದ ವಾರ್ನಿಶನ್ನೇ ಕುಂಚದಿಂದ ಬಳಿಯುತ್ತಿದ್ದರು. ಒಂದು ಕಾರಿನ ಬಣ್ಣ ಒಣಗಿ ಮುಗಿಯಲು ವಾರಗಳೇ ಹಿಡಿಯುತ್ತಿದ್ದವು. 1920ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ‘ಡ್ಯೂಕೋ’ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣ ತಂದಿತು. ಅದು ಬೇಗ ಒಣಗುತ್ತಿತ್ತು, ಸಿಂಪಡಿಸಲೂ ಬರುತ್ತಿತ್ತು. ಆ ಹೆಸರು ಭಾರತದಲ್ಲಿ ಎಷ್ಟು ಬೇರೂರಿತೆಂದರೆ ಕಬ್ಬಿಣದ ಕಪಾಟಿಗೆ ಸ್ಪ್ರೇ ಹೊಡೆಸುವುದಕ್ಕೂ ಇವತ್ತಿಗೂ ‘ಡ್ಯೂಕೋ ಪೇಂಟ್’ ಅನ್ನುವವರಿದ್ದಾರೆ. ಅದರ ಹಿಂದೆಯೇ ಎನಾಮೆಲ್ ಬಣ್ಣಗಳು ಬಂದವು.

ಈ ಹಳೆಯ ಬಣ್ಣಗಳಿಗೆ ಒಂದು ಗುಣವಿತ್ತು. ಬಿಸಿಲಿಗೆ ಮೇಲಿನ ಪದರ ಸತ್ತು ಸುಣ್ಣದಂತೆ ಮಂಕಾಗುತ್ತಿತ್ತು. ಮರಳಿನಂತಹ ಕಣಗಳಿರುವ ರಬ್ಬಿಂಗ್ ಕಾಂಪೌಂಡ್ ತಿಕ್ಕಿದರೆ ಆ ಸತ್ತ ಪದರ ಕಿತ್ತು ಬಂದು ಕೆಳಗಿನ ಹೊಸ ಬಣ್ಣ ಹೊಳೆಯುತ್ತಿತ್ತು. ಬಟ್ಟೆಗೆ ಕಾರಿನ ಬಣ್ಣವೇ ಮೆತ್ತಿಕೊಳ್ಳುತ್ತಿತ್ತು. ಮೇಲಿಂದ ಕೆಳಗಿನವರೆಗೆ ಒಂದೇ ಬಣ್ಣ ಇದ್ದುದರಿಂದ ವರ್ಷಕ್ಕೊಮ್ಮೆ ಹೀಗೆ ತಿಕ್ಕಿದರೂ ನಡೆಯುತ್ತಿತ್ತು. 1950ರ ದಶಕದ ಕೊನೆಗೆ ಬಂದ ಅಂಬಾಸಿಡರ್, ಆಮೇಲಿನ ಪದ್ಮಿನಿ, ಜೀಪುಗಳು ಈ ಚಿಕಿತ್ಸೆಯಲ್ಲೇ ಬಾಳಿದವು. ನಮ್ಮ ಮೆಕ್ಯಾನಿಕ್ಕುಗಳ ಕೈ ಪಳಗಿದ್ದೂ ಇದರ ಮೇಲೇ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. 1990ರ ದಶಕದಲ್ಲಿ ಮೆಟ್ಯಾಲಿಕ್ ಬಣ್ಣಗಳು ಹೆಚ್ಚಾದವು. ಅವುಗಳ ಜೊತೆಗೆ ಬಂದದ್ದು ಕ್ಲಿಯರ್ ಕೋಟ್: ಕೆಳಗೆ ತೆಳು ಬಣ್ಣ, ಅದರ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರ. ಹೊಳಪು, ಬಿಸಿಲಿನಿಂದ ರಕ್ಷಣೆ ಎರಡೂ ಈ ಮೇಲಿನ ಪದರದ್ದೇ. ಅದರ ದಪ್ಪ ಸುಮಾರು 40 ಮೈಕ್ರಾನ್, ಅಂದರೆ ತಲೆಗೂದಲಿಗಿಂತಲೂ ತೆಳು. ಹಳೆಯ ಕಾಂಪೌಂಡನ್ನು ಹಳೆಯ ಜೋರಿನಲ್ಲೇ ಇದರ ಮೇಲೆ ತಿಕ್ಕಿದಾಗ ಮೊದಲು ಜೇಡರ ಬಲೆಯಂತಹ ಗೆರೆಗಳು ಮೂಡುತ್ತವೆ. ಗೆರೆ ತೆಗೆಯಲು ಮತ್ತೆ ತಿಕ್ಕುತ್ತಾರೆ. ನಾಲ್ಕಾರು ವರ್ಷ ಹೀಗೆ ನಡೆದರೆ ಬಾನೆಟ್ಟು, ಟಾಪಿನ ಮೇಲೆ ಪದರವೇ ಸವೆದು ಬಿಳಿ ತೇಪೆಗಳು ಏಳುತ್ತವೆ. ಅದಕ್ಕೆ ಹೊಸದಾಗಿ ಬಣ್ಣ ಹೊಡೆಸುವುದೊಂದೇ ದಾರಿ.

ಹೆಡ್‌ಲೈಟಿನದೂ ಇದೇ ಕತೆ. ಹಳೆಯ ಗಾಡಿಗಳ ಹೆಡ್‌ಲೈಟು ಗಾಜಿನದು, ಉಜ್ಜಿದರೂ ಏನೂ ಆಗುತ್ತಿರಲಿಲ್ಲ. ಈಗಿನದು ಪಾಲಿಕಾರ್ಬೊನೇಟ್. ಬಿಸಿಲಿಗೆ ಹಳದಿಯಾಗದಂತೆ ಅದರ ಮೇಲೆ ಒಂದು ರಕ್ಷಣೆಯ ಲೇಪ ಇರುತ್ತದೆ. ಟೂತ್‌ಪೇಸ್ಟಿನಿಂದಲೋ ಪಾಲಿಶಿನಿಂದಲೋ ಉಜ್ಜಿದರೆ ಅಳಿದುಳಿದ ಆ ಲೇಪವೂ ಹೋಗುತ್ತದೆ. ಅಂದು ಫಳಫಳ ಅನ್ನುತ್ತದೆ, ಕೆಲವೇ ತಿಂಗಳಲ್ಲಿ ಮತ್ತೆ ಹಳದಿ.

ಬ್ರೆಜಿಲ್‌ನ ಮೇಣ, ಉಗಾರದ ಕಬ್ಬು

ಕಪಾಟಿನಲ್ಲಿ ಹೆಚ್ಚು ಗೌರವ ಪಡೆಯುವ ಹೆಸರು ಕಾರ್ನೌಬಾ. ಇದು ಈಶಾನ್ಯ ಬ್ರೆಜಿಲ್‌ನಲ್ಲಿ ಬೆಳೆಯುವ ಒಂದು ತಾಳೆಯ ಎಲೆಯ ಮೇಣ. ಸುಮಾರು 82 ಡಿಗ್ರಿಗೆ ಕರಗುವ ಗಟ್ಟಿ ಮೇಣ ಇದು. ಆದರೆ ಅದೊಂದನ್ನೇ ಕಾರಿಗೆ ಹಚ್ಚಲು ಬರುವುದಿಲ್ಲ, ಕಲ್ಲಿನಂತಿರುತ್ತದೆ. ಮೃದು ಮೇಣ, ಎಣ್ಣೆ, ದ್ರಾವಕ ಬೆರೆಸಿಯೇ ಡಬ್ಬಿ ತುಂಬುವುದು. ಡಬ್ಬಿಯ ಮೇಲೆ ಕಾರ್ನೌಬಾ ಅಂತ ಇದ್ದ ಮಾತ್ರಕ್ಕೆ ಒಳಗೆ ಎಷ್ಟಿದೆ ಅನ್ನುವುದು ಗೊತ್ತಾಗುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಕಾದ ಕಪ್ಪು ಬಾನೆಟ್ಟಿನ ಮೇಲೆ ಮೃದು ಮೇಣ ಸಡಿಲಗೊಂಡು ಧೂಳು ಹಿಡಿಯುತ್ತದೆ. ಅದರ ಮೇಲೆ ಬಟ್ಟೆ ಒಗೆಯುವ ಪುಡಿ ಹಾಕಿ ತೊಳೆದರಂತೂ ಬಹುಪಾಲು ಮೇಣ ಅಲ್ಲಿಗೇ ಮುಗಿಯಿತು.

ಇಲ್ಲೊಂದು ವಿಚಿತ್ರವಿದೆ. ಇಂತಹದೇ ಗಟ್ಟಿ ಮೇಣ ನಮ್ಮ ಹೊಲದಲ್ಲೇ ಇದೆ. ಕಬ್ಬಿನ ಗಣಿಕೆಯ ಮೇಲೆ ಬೆರಳಾಡಿಸಿದರೆ ಅಂಟುವ ಬಿಳಿ ಪುಡಿ ಮೇಣವೇ. ಉಗಾರ ಖುರ್ದದಲ್ಲಿ 1939ರಲ್ಲಿ ಶುರುವಾದ ಸಕ್ಕರೆ ಕಾರ್ಖಾನೆಯಿಂದ ಹಿಡಿದು ಈ ಐದು ತಾಲ್ಲೂಕುಗಳ ಕಾರ್ಖಾನೆಗಳೆಲ್ಲ ಅರೆಯುವ ಕಬ್ಬಿನ ಮೇಣದ ಒಂದು ದೊಡ್ಡ ಪಾಲು ಪ್ರೆಸ್‌ಮಡ್ಡಿನಲ್ಲಿ ಸೇರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಾರ್ನೌಬಾ ಸಿಗುವುದು ಕಷ್ಟವಾದಾಗ ಅಮೆರಿಕದವರು ಅದರ ಬದಲಿಗೆ ಕಬ್ಬಿನ ಮೇಣ ತೆಗೆಯುವ ಪ್ರಯತ್ನ ಮಾಡಿದ್ದರು. ನಮ್ಮಲ್ಲಿ ಪ್ರೆಸ್‌ಮಡ್ ಗೊಬ್ಬರವಾಗಿ ಮತ್ತೆ ಹೊಲ ಸೇರುತ್ತದೆ, ಬ್ರೆಜಿಲ್‌ನ ಹೆಸರು ಹೊತ್ತ ಡಬ್ಬಿ ಅಂಗಡಿಗೆ ಬರುತ್ತದೆ.

ಟೆಫ್ಲಾನ್, ಸಿಲಿಕೋನ್, ಸಿರಾಮಿಕ್

ಟೆಫ್ಲಾನ್ 1938ರಲ್ಲಿ ಕಂಡುಹಿಡಿದದ್ದು. ತವೆಗೆ ಅದನ್ನು ಕೂಡಿಸಲು ಅದು ಕರಗುವ 327 ಡಿಗ್ರಿಗಿಂತ ಹೆಚ್ಚು ಬಿಸಿ ಮಾಡಬೇಕು. ಅಷ್ಟು ಶಾಖ ಕೊಟ್ಟರೆ ಕಾರಿನ ಬಣ್ಣ ಸುಟ್ಟು ಹೋಗುತ್ತದೆ. ಹಾಗಾಗಿ ‘ಟೆಫ್ಲಾನ್ ಕೋಟಿಂಗ್’ ಎಂಬ ಹೆಸರಿನಲ್ಲಿ ಕಾರಿಗೆ ಹಚ್ಚುವುದು ತವೆಯ ಮೇಲಿನಂತಹ ಪದರ ಆಗಲಾರದು. ಅದು ಮೇಣದಂತೆಯೇ ಕೆಲವು ತೊಳೆತಗಳಲ್ಲಿ ಹೋಗುತ್ತದೆ.

ಟಯರಿಗೆ, ಡ್ಯಾಶ್‌ಬೋರ್ಡಿಗೆ ಹಚ್ಚುವ ಹೊಳಪಿನಲ್ಲಿ ಇರುವುದು ಹೆಚ್ಚಾಗಿ ಸಿಲಿಕೋನ್ ಎಣ್ಣೆ. ಎರಡನೇ ಮಹಾಯುದ್ಧದ ನಂತರ ಇದು ಪಾಲಿಶ್‌ಗಳಿಗೆ ಬಂತು. ಹಚ್ಚಲು ಸುಲಭ, ಕಣ್ಣಿಗೆ ಹಬ್ಬ. ಆದರೆ ಅದು ಒಣಗುವ ಎಣ್ಣೆಯಲ್ಲ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಹೊಲದಿಂದ ಎಳೆದು ತರುವ ಎರೆಮಣ್ಣು ರಸ್ತೆ ತುಂಬ ಬಿದ್ದಿರುವಾಗ, ಹೊಳಪು ಹಚ್ಚಿದ ಟಯರು ಉಳಿದ ಟಯರಿಗಿಂತ ಬೇಗ ಕೊಳೆಯಾಗುತ್ತದೆ. ಪೇಂಟರುಗಳಿಗೂ ಸಿಲಿಕೋನ್ ಎಂದರೆ ಆಗದು. ಅದರ ಅಂಶ ಉಳಿದ ಜಾಗಕ್ಕೆ ಬಣ್ಣ ಹೊಡೆದರೆ ಮೀನಿನ ಕಣ್ಣಿನಂತಹ ಗುಳಿಗಳು ಬೀಳುತ್ತವೆ.

ಈಗಿನ ರಾಜ ಸಿರಾಮಿಕ್. ಇದು ಸುಳ್ಳು ಮಾಲಲ್ಲ. ಸರಿಯಾಗಿ ಹಚ್ಚಿದರೆ ಮೇಣಕ್ಕಿಂತ ಬಹಳ ಹೆಚ್ಚು ದಿನ ಇರುತ್ತದೆ, ನೀರು ಜಾರಿ ಹೋಗುತ್ತದೆ, ತೊಳೆಯುವುದು ಸುಲಭವಾಗುತ್ತದೆ. ನಿರಾಸೆ ಹುಟ್ಟುವುದು ‘9ಎಚ್ ಗಟ್ಟಿತನ, ಗೀರೇ ಬೀಳಲ್ಲ’ ಎಂಬ ಮಾತಿನಿಂದ. 9ಎಚ್ ಅನ್ನುವುದು ಪೆನ್ಸಿಲ್ ಪರೀಕ್ಷೆಯ ಅಳತೆ. ಬಹಳ ಗಟ್ಟಿಯಾದ 9ಎಚ್ ಪೆನ್ಸಿಲ್‌ನಿಂದ ಗೀರಿದರೂ ಗೆರೆ ಮೂಡಲಿಲ್ಲ ಎಂದು ಅದರ ಅರ್ಥ. ಖನಿಜಗಳ ಗಟ್ಟಿತನ ಅಳೆಯುವ ಮೋಸ್ ಮಾಪನ ಬೇರೆಯದೇ. ಅದರಲ್ಲಿ 9 ಅಂದರೆ ನೀಲಮಣಿ, ನಮ್ಮ ರಸ್ತೆಯ ಮರಳಿನಲ್ಲಿರುವ ಬೆಣಚು 7. ಎರಡು ಅಳತೆಗಳನ್ನು ಒಂದೇ ಎಂದುಕೊಂಡು ಜನ ಕಾರಿಗೆ ನೀಲಮಣಿಯ ಕವಚ ಬಂತೆಂದು ನಂಬುತ್ತಾರೆ. ನಿಜದಲ್ಲಿ ಅದು ಒಂದೆರಡು ಮೈಕ್ರಾನಿನ ಪದರ. ಧೂಳು ತುಂಬಿದ ಕಾರನ್ನು ಒಣ ಬಟ್ಟೆಯಿಂದ ಒರೆಸಿದರೆ ಸಿರಾಮಿಕ್ ಇದ್ದರೂ ಗೀರು ಬೀಳುತ್ತದೆ.

ನಮ್ಮ ನೀರು, ನಮ್ಮ ಹೊಳೆ

ಇಷ್ಟೆಲ್ಲ ಬೇರೆ ಊರುಗಳಿಗೂ ಅನ್ವಯಿಸುವ ಮಾತು. ನಮ್ಮ ಕಡೆಯದೇ ಆದ ಕಾರಣ ಎರಡಿವೆ, ಎರಡೂ ನೀರಿನವು.

ಮೊದಲನೆಯದು ಬೋರಿನ ನೀರು. ಎರೆಭೂಮಿಯ ನಮ್ಮ ಎಷ್ಟೋ ಊರುಗಳಲ್ಲಿ ಅದು ಗಡಸು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಕೃಷ್ಣೆಯ ದಂಡೆಯಲ್ಲಿ ದಶಕಗಳ ಕಾಲ ಕಬ್ಬಿಗೆ ನೀರು ಹಾಯಿಸಿ ಹೊಲ ಸವಳಾದ ಕಡೆ ಉಪ್ಪಿನಂಶವೂ ಸೇರಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ಕಾದ ಗಾಡಿಗೆ ಈ ನೀರು ಹೊಡೆದು ಹಾಗೇ ಒಣಗಲು ಬಿಟ್ಟರೆ ಪ್ರತಿ ಹನಿಯೂ ಒಂದು ಬಿಳಿ ಉಂಗುರ ಬಿಟ್ಟು ಹೋಗುತ್ತದೆ. ಸಿರಾಮಿಕ್ ಮೇಲೆ ಹನಿ ಗುಂಡಗೆ ನಿಲ್ಲುವುದರಿಂದ ಉಂಗುರ ಇನ್ನೂ ಎದ್ದು ಕಾಣುತ್ತದೆ. ಕೆಟ್ಟ ಹೆಸರು ಮಾತ್ರ ಕೋಟಿಂಗಿಗೆ. ಶಾಂಪೂ ನೊರೆ ಬರದಿದ್ದರೆ ಇನ್ನಷ್ಟು ಸುರಿಯುವುದಕ್ಕೂ ಈ ನೀರೇ ಕಾರಣ.

ಎರಡನೆಯದು ಪ್ರವಾಹ. 2019ರ ಆಗಸ್ಟಿನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕಿದಾಗ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ಹೆದ್ದಾರಿಯ ಮೇಲೇ ನೀರು ಬಂತು. 2021ರ ಜುಲೈನಲ್ಲಿ ಮತ್ತೆ ಪ್ರವಾಹ. ನೀರಿನಲ್ಲಿ ನಿಂತ ಗಾಡಿಯ ಅಡಿಯಲ್ಲಿ, ಬಾಗಿಲ ಒಳಗೆ, ಕಾರ್ಪೆಟ್ಟಿನ ಕೆಳಗೆ ರೇವೆ ಕೂತಿರುತ್ತದೆ. ಅದನ್ನು ಪೂರ್ತಿ ತೊಳೆದು ಒಣಗಿಸದೆ ಕೆಳಗೆ ಕಪ್ಪು ಅಂಡರ್‌ಬಾಡಿ ಕೋಟಿಂಗ್ ಹೊಡೆಸಿದರೆ ಹಸಿ, ತುಕ್ಕು ಎರಡನ್ನೂ ಒಳಗೇ ಮುಚ್ಚಿದಂತೆ. ಮೇಲೆ ಕಪ್ಪಗೆ ಚೆಂದ ಕಾಣುವ ತಗಡು ಒಳಗಿನಿಂದ ತಿನ್ನಿಸಿಕೊಳ್ಳುತ್ತಾ ಹೋಗುತ್ತದೆ. ಒಳಗಿನ ವಾಸನೆಗೆ ಹಾಕುವ ಪರ್ಫ್ಯೂಮು ಖಾಲಿಯಾದ ದಿನ ಕಾರ್ಪೆಟ್ಟಿನ ವಾಸನೆ ಮರಳಿ ಬರುತ್ತದೆ.

ಇದು ಯಾರ ಹಾನಿ?

ಹೊಳಪಿನ ಮಾತು ಶ್ರೀಮಂತರ ಖಯಾಲಿ ಎಂದು ತಳ್ಳಿಹಾಕುವಂತಿಲ್ಲ. ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡು ಬಾಡಿಗೆಗೆ ಓಡಿಸುವವರಿಗೆ ಅದನ್ನು ಮಾರುವ ದಿನ ಬಣ್ಣವೂ ಬೆಲೆ ಕಟ್ಟುತ್ತದೆ. ಕೊಳ್ಳುವವನು ಮೊದಲು ನೋಡುವುದು ಬಾನೆಟ್ಟನ್ನೇ. ಇನ್ನೊಂದು ಕಡೆ, ಐಟಿಐ ಮುಗಿಸಿ ಮೆಷಿನ್ನು, ಕಂಪ್ರೆಸರಿಗೆ ದುಡ್ಡು ಹಾಕಿ ಅಂಗಡಿ ತೆರೆದ ಹುಡುಗರಿದ್ದಾರೆ. ಕಂಪನಿಯ ಜಾಹೀರಾತು ಕೊಟ್ಟ ಮಾತಿಗೆ ಗಿರಾಕಿಯ ಎದುರು ಉತ್ತರ ಹೇಳಬೇಕಾದವರು ಅವರು.

ಆದ್ದರಿಂದ ಮುಂದಿನ ಖಂಡೇನವಮಿಗೆ ಗಾಡಿ ಹೊಳೆಯಿಸುವ ಮೊದಲು ಅಂಗಡಿಯಲ್ಲಿ ಬಾಟಲಿಯ ಹೆಸರಿಗಿಂತ ಮೊದಲು ಬೇರೆ ಮೂರು ಸಂಗತಿ ಕೇಳಿ. ನನ್ನ ಗಾಡಿಗೆ ಕ್ಲಿಯರ್ ಕೋಟ್ ಇದೆಯೋ ಇಲ್ಲವೋ? ಈಗಲೂ ಕೆಲವು ಸಾದಾ ಬಿಳಿ ಗಾಡಿಗಳಿಗೆ ಅದಿಲ್ಲ, ಪಾಲಿಶ್ ಮಾಡುವಾಗ ಬಟ್ಟೆಗೆ ಬಿಳಿ ಬಣ್ಣ ಹತ್ತಿದರೆ ತಿಳಿಯುತ್ತದೆ. ತೊಳೆಯುವ ನೀರು ಎಲ್ಲಿಯದು, ಸಾಫ್ಟನರ್ ಇದೆಯೋ? ನೆರಳಿನಲ್ಲಿ ತೊಳೆದು ತಕ್ಷಣ ಒರೆಸುತ್ತೀರೋ? ನೀರು ಗಡಸಾದರೆ ಕೊನೆಯ ಎರಡು ಬಕೆಟ್ಟಿಗೆ ಹಿಡಿದಿಟ್ಟ ಮಳೆನೀರು ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಮಾಳಿಗೆಯಿಂದ ಪುಕ್ಕಟೆ ಸುರಿಯುತ್ತದೆ, ಒಂದು ಬ್ಯಾರೆಲ್ ಇಟ್ಟರೆ ಆಯಿತು.