ಹಳೆಯ ಬಸ್ಸಿನ ನಿವೃತ್ತಿ: ಕೊಟ್ಟದ್ದೆಷ್ಟು, ಕೆಡಿಸಿದ್ದೆಷ್ಟು?

ನೀವು ಬಸ್ ಹತ್ತುವಾಗ ಬೋರ್ಡು ನೋಡುತ್ತೀರಿ, ಸೀಟು ಹುಡುಕುತ್ತೀರಿ, ಚಿಲ್ಲರೆ ಎಣಿಸಿಕೊಳ್ಳುತ್ತೀರಿ. ಆ ಬಸ್ಸಿನ ವಯಸ್ಸೆಷ್ಟು ಎಂದು ಎಂದಾದರೂ ವಿಚಾರಿಸಿದ್ದೀರಾ? ಬಹುಶಃ ಇಲ್ಲ. ಆದರೆ ನೀವು ಉಸಿರಾಡುವ ಗಾಳಿ, ನಿಮ್ಮ ಸೊಂಟದ ನೋವು, ನಾಳೆ ಬೆಳಿಗ್ಗೆ ನಿಮ್ಮೂರಿಗೆ ಬಸ್ ಬರುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ, ಇವೆಲ್ಲಕ್ಕೂ ಆ ವಯಸ್ಸಿಗೂ ನೇರ ಸಂಬಂಧವಿದೆ.

ಮುಂಬಯಿಯಲ್ಲಿ ಬೆಸ್ಟ್ ಸಂಸ್ಥೆಯ ಕೊನೆಯ ಡೀಸೆಲ್ ಡಬಲ್ ಡೆಕ್ಕರ್ ಬಸ್ಸು 2023ರ ಸೆಪ್ಟೆಂಬರ್ 15ರಂದು ಓಡಾಟ ನಿಲ್ಲಿಸಿತು. ಆ ನಗರದಲ್ಲಿ ಡಬಲ್ ಡೆಕ್ಕರ್ ಮೊದಲು ಓಡಿದ್ದು 1937ರಲ್ಲಿ. ಕೊನೆಯ ದಿನ ಬಸ್ಸನ್ನು ಸಿಂಗರಿಸಿ ಜನ ಬೀಳ್ಕೊಟ್ಟರು. ಲಂಡನ್ನಿನ ರೂಟ್‌ಮಾಸ್ಟರ್ ಬಸ್ಸುಗಳು 2005ರ ಡಿಸೆಂಬರ್ 9ರಂದು ನಿತ್ಯದ ಸೇವೆಯಿಂದ ಹಿಂದೆ ಸರಿದಾಗಲೂ ಬೀದಿಯ ತುಂಬ ಜನ ಸೇರಿದ್ದರು. ದುಡಿಮೆಗಾಗಿ ಮುಂಬಯಿಗೆ ಹೋದ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಎಷ್ಟೋ ಜನ ಆ ಮುಂಬಯಿ ಬಸ್ಸುಗಳಲ್ಲಿ ಓಡಾಡಿದವರೇ. ಅವರನ್ನು ಊರಿಂದ ಕಲಬುರಗಿ ರೈಲು ನಿಲ್ದಾಣದವರೆಗೆ ತಲುಪಿಸಿದ ಬಸ್ಸಿಗೆ ಮಾತ್ರ ಯಾರೂ ಹಾರ ಹಾಕುವುದಿಲ್ಲ. ಅದು ಒಂದು ದಿನ ಡಿಪೊದಿಂದ ಹೊರಡುವುದಿಲ್ಲ, ಅಷ್ಟೆ. ಈ ಲೇಖನ ಆ ಬಸ್ಸಿನ ಲೆಕ್ಕವನ್ನು, ಜಮೆ ಮತ್ತು ಖರ್ಚು ಎರಡನ್ನೂ, ನಿಮ್ಮ ಮುಂದಿಡುತ್ತದೆ.

ರೈಲು ಇಲಾಖೆಯ ಬಸ್ಸು

ಮುಂಬಯಿ ಮತ್ತು ಮದರಾಸುಗಳನ್ನು ಜೋಡಿಸುವ ರೈಲು ಮಾರ್ಗ 1871ರಲ್ಲಿ ಪೂರ್ಣಗೊಂಡಿತು. ಅದು ಸೊಲ್ಲಾಪುರದಿಂದ ಕಲಬುರಗಿ, ವಾಡಿಗಳ ಮೂಲಕ ರಾಯಚೂರಿಗೆ ಸಾಗಿತು. ಆಳಂದ ಪಟ್ಟಣ ಈ ಮಾರ್ಗದಿಂದ ದೂರ ಉಳಿಯಿತು. 2017ರಲ್ಲಿ ಆರಂಭವಾದ ಬೀದರ್–ಕಲಬುರಗಿ ಮಾರ್ಗವೂ ಪಟ್ಟಣವನ್ನು ಮುಟ್ಟಲಿಲ್ಲ. ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್ ದೂರದ ಈ ತಾಲ್ಲೂಕು ಕೇಂದ್ರಕ್ಕೆ ಸಾರ್ವಜನಿಕ ಸಾರಿಗೆ ಎಂದರೆ ಬಸ್ಸೇ.

ಸ್ವಾರಸ್ಯವೆಂದರೆ, ಈ ಸೀಮೆಯಲ್ಲಿ ಸರ್ಕಾರಿ ಬಸ್ಸಿನ ಕಲ್ಪನೆ ಹುಟ್ಟಿದ್ದೇ ರೈಲ್ವೆಯಿಂದ. ಆಗ ಈ ಭಾಗ ಹೈದರಾಬಾದ್ ನಿಜಾಮರ ಆಡಳಿತದಲ್ಲಿತ್ತು. ನಿಜಾಮ್ ಸ್ಟೇಟ್ ರೈಲ್ವೆಯ ಒಂದು ಅಂಗವಾಗಿ 1932ರ ಜೂನ್‌ನಲ್ಲಿ ರಸ್ತೆ ಸಾರಿಗೆ ಇಲಾಖೆಯೊಂದನ್ನು ಆರಂಭಿಸಲಾಯಿತು. ಮೊದಲಿಗೆ ಇದ್ದದ್ದು 27 ವಾಹನಗಳು, 166 ನೌಕರರು. ಸಂಸ್ಥಾನದ ಸರ್ಕಾರವೇ ಬಸ್ ನಡೆಸಿದ ದೇಶದ ಮೊದಲ ಪ್ರಯೋಗಗಳಲ್ಲಿ ಇದೂ ಒಂದು. ಸ್ಕಾಟ್‌ಲೆಂಡ್‌ನ ಆಲ್ಬಿಯನ್ ಕಂಪನಿ ತಯಾರಿಸಿದ ಆ ಕಾಲದ ಬಸ್ಸೊಂದನ್ನು ಹೈದರಾಬಾದಿನಲ್ಲಿ ಕಾಪಾಡಿಕೊಂಡು ಬರಲಾಗಿದೆ. ರೈಲು ಮತ್ತು ಬಸ್ಸು ಪರಸ್ಪರ ಪೈಪೋಟಿ ನಡೆಸದೆ ಒಂದಕ್ಕೊಂದು ಪೂರಕವಾಗಿರಬೇಕು ಎಂಬುದು ಈ ಏರ್ಪಾಡಿನ ಹಿಂದಿನ ವಿಚಾರವಾಗಿತ್ತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ದೇಶದ ಅನೇಕ ಕಡೆ ಬಸ್ಸಿನ ಬೆನ್ನಿಗೆ ಒಲೆಯಂಥ ಉಪಕರಣ ಕಟ್ಟಿ, ಇದ್ದಿಲನ್ನು ಅರೆಬರೆ ಉರಿಸಿ, ಅದರಿಂದ ಬರುವ ಅನಿಲದಲ್ಲಿ ಎಂಜಿನ್ ಓಡಿಸುತ್ತಿದ್ದರು. ಏರು ಬಂದರೆ ಪ್ರಯಾಣಿಕರು ಇಳಿದು ನಡೆಯಬೇಕಾಗುತ್ತಿತ್ತು. ಇಂಧನ ಬದಲಾದರೂ ಬಸ್ಸು ನಿಲ್ಲಬಾರದು ಎಂಬ ಹಠ ಇಂದಿನದಲ್ಲ ಎಂದು ಇದರಿಂದ ತಿಳಿಯುತ್ತದೆ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗುಲಬರ್ಗಾ, ರಾಯಚೂರು ಮತ್ತು ಬೀದರ್ ಸೀಮೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಅತ್ತ ಮೈಸೂರು ಸರ್ಕಾರ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ತನ್ನ ಸಾರಿಗೆ ಇಲಾಖೆಯನ್ನು ಆರಂಭಿಸಿತ್ತು. ಅದು 1961ರಲ್ಲಿ ನಿಗಮವಾಯಿತು. ಮುಂದೆ ಆಡಳಿತದ ಅನುಕೂಲಕ್ಕಾಗಿ ನಿಗಮವನ್ನು ವಿಭಜಿಸಿದಾಗ, 2000ದಲ್ಲಿ ಗುಲಬರ್ಗಾ ಕೇಂದ್ರವಾಗಿ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ರೂಪುಗೊಂಡಿತು. 2021ರಲ್ಲಿ ಅದಕ್ಕೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಎಂಬ ಹೆಸರು ಬಂತು.

ಬಸ್ಸು ಮುದಿಯಾಗುವುದು ಹೇಗೆ?

ಬಸ್ಸಿನ ವಯಸ್ಸನ್ನು ಅಳೆಯಲು ಮೂರು ಮಾಪಕಗಳಿವೆ: ಓಡಿದ ಕಿಲೋಮೀಟರ್, ಕಳೆದ ವರ್ಷ, ಮತ್ತು ಎಂಜಿನ್ ತಯಾರಾದ ಕಾಲದ ಹೊಗೆಯ ಮಿತಿ. ದಿನಕ್ಕೆ 250 ಕಿಲೋಮೀಟರ್ ಓಡುವ ಬಸ್ಸು ಹತ್ತು ವರ್ಷಗಳಲ್ಲಿ ಸುಮಾರು 9 ಲಕ್ಷ ಕಿಲೋಮೀಟರ್ ಓಡುತ್ತದೆ. ಚಂದ್ರನವರೆಗೆ ಹೋಗಿ ಹಿಂದಿರುಗಿದ ಮೇಲೂ ಲಕ್ಷಕ್ಕೂ ಮಿಕ್ಕ ದೂರ ಉಳಿಯುತ್ತದೆ!

ಈ ದೂರ ಎಂಥ ನೆಲದ ಮೇಲೆ ಎಂಬುದೂ ಮುಖ್ಯ. ಆಳಂದದ ಸುತ್ತಲಿನದು ತೊಗರಿ ಬೆಳೆಯುವ ಕಪ್ಪು ಎರೆ ಭೂಮಿ. ಈ ಮಣ್ಣಿನ ಜೇಡಿ ಕಣಗಳು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತವೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತವೆ. ಅದರ ಮೇಲಿನ ಡಾಂಬರು ಪದರವೂ ಜೊತೆಯಲ್ಲೇ ಏಳುತ್ತದೆ, ಬೀಳುತ್ತದೆ, ಒಡೆಯುತ್ತದೆ. ಪ್ರತಿ ಗುಂಡಿಯ ಹೊಡೆತ ಸ್ಪ್ರಿಂಗ್ ಪಟ್ಟಿಗಳ ಮೂಲಕ ಚಾಸಿಗೆ ತಲುಪುತ್ತದೆ. ಒಂದೇ ಹೊಡೆತಕ್ಕೆ ಉಕ್ಕು ಮುರಿಯುವುದಿಲ್ಲ. ಆದರೆ ಲಕ್ಷಾಂತರ ಸಣ್ಣ ಹೊಡೆತಗಳಿಗೆ ಅದರೊಳಗೆ ಕೂದಲೆಳೆಯಷ್ಟು ಬಿರುಕು ಹುಟ್ಟಿ ಬೆಳೆಯುತ್ತದೆ. ಲೋಹದ ದಣಿವು ಎಂದರೆ ಇದೇ. ಜೊತೆಗೆ ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ಬಿಸಿಲು ರಬ್ಬರ್ ಭಾಗಗಳನ್ನು ಒಣಗಿಸಿದರೆ, ಧೂಳು ಏರ್ ಫಿಲ್ಟರನ್ನು ಬೇಗ ಕಟ್ಟಿಸುತ್ತದೆ.

ಎಂಜಿನ್ನಿನ ಮುದಿತನ ಹೊಗೆಯ ಬಣ್ಣದಲ್ಲಿ ಕಾಣುತ್ತದೆ. ನೀವೇ ಗಮನಿಸಬಹುದು. ಕಪ್ಪು ಹೊಗೆ ಎಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಇಂಜೆಕ್ಟರ್ ಸವೆದು ಸಣ್ಣ ಹನಿಗಳ ಬದಲು ದಪ್ಪ ಹನಿ ಬೀಳುತ್ತಿರಬಹುದು, ಇಲ್ಲವೇ ಗಾಳಿ ಸಾಲುತ್ತಿಲ್ಲ. ನೀಲಿ ಹೊಗೆ ಎಂದರೆ ಪಿಸ್ಟನ್ ರಿಂಗ್ ಸವೆದು ಎಂಜಿನ್ ಆಯಿಲ್ ಸಿಲಿಂಡರಿನೊಳಗೆ ಸೇರಿ ಉರಿಯುತ್ತಿರುವ ಲಕ್ಷಣ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಉರಿಯದ ಇಂಧನ ಅಥವಾ ಒಳಗೆ ಸೋರಿದ ನೀರು ಕಾರಣವಿರಬಹುದು.

ಲಾರಿಯ ಚಾಸಿ, ಬಸ್ಸಿನ ಮೈ

ನಮ್ಮ ದೇಶದ ಬಹುಪಾಲು ಬಸ್ಸುಗಳ ಬಾಡಿಯನ್ನು ದಶಕಗಳ ಕಾಲ ಲಾರಿಯ ಚಾಸಿಯ ಮೇಲೆ ಕಟ್ಟಲಾಯಿತು. ಎಂಜಿನ್ ಮುಂದೆ, ಚಾಲಕನ ಪಕ್ಕದಲ್ಲೇ. ನೆಲ ಎತ್ತರ, ಮೆಟ್ಟಿಲು ಕಡಿದು. ಈ ವಿನ್ಯಾಸಕ್ಕೆ ಎರಡು ಮುಖಗಳಿವೆ. ಗಟ್ಟಿಮುಟ್ಟಾದ ಚಾಸಿ ಕೆಟ್ಟ ರಸ್ತೆಯನ್ನು ತಾಳಿಕೊಂಡಿತು. ಬಿಡಿಭಾಗಗಳು ಎಲ್ಲೆಡೆ ಸಿಗುತ್ತಿದ್ದುದರಿಂದ ತಾಲ್ಲೂಕಿನ ಡಿಪೊದಲ್ಲಿಯೇ ರಿಪೇರಿ ಸಾಧ್ಯವಾಯಿತು. ಇಂಥ ಬಸ್ಸು ಇಲ್ಲದಿದ್ದರೆ ಎಷ್ಟೋ ಹಳ್ಳಿಗಳಿಗೆ ಬಸ್ಸೇ ಬರುತ್ತಿರಲಿಲ್ಲ. ಆದರೆ ಅದೇ ಎತ್ತರದ ಮೆಟ್ಟಿಲು ವೃದ್ಧರಿಗೆ, ಗರ್ಭಿಣಿಯರಿಗೆ, ಅಂಗವಿಕಲರಿಗೆ ಪ್ರತಿ ದಿನದ ಪರೀಕ್ಷೆಯಾಯಿತು. ಎಂಜಿನ್ನಿನ ಕಾವು ಮತ್ತು ಸದ್ದು ಚಾಲಕನ ಮೈಮೇಲೆ ದಿನವಿಡೀ ಇತ್ತು.

ನಗರದ ಬಸ್ಸು ಹೇಗಿರಬೇಕು ಎಂಬ ಮಾನದಂಡಗಳನ್ನು ಕೇಂದ್ರ ಸರ್ಕಾರ 2008ರಲ್ಲಿ ರೂಪಿಸಿತು. ಅದರಲ್ಲಿ ನೆಲದಿಂದ 400 ಮಿಲಿಮೀಟರ್ ಎತ್ತರದ ಲೋ ಫ್ಲೋರ್ ಬಸ್ಸಿಗೂ ಸ್ಥಾನ ದೊರೆಯಿತು. ಜೆ-ನರ್ಮ್ ಯೋಜನೆಯ ನೆರವಿನಿಂದ ಇಂಥ ಬಸ್ಸುಗಳು ದೊಡ್ಡ ನಗರಗಳನ್ನು ಸೇರಿದವು. ಹಳ್ಳಿಯ ರಸ್ತೆಗೆ ಅವು ಹೊಂದುವುದಿಲ್ಲ, ಬೆಲೆಯೂ ಹೆಚ್ಚು. ಹೀಗಾಗಿ ನಗರದವರು ನೆಲದಿಂದಲೇ ಬಸ್ಸಿನೊಳಗೆ ಕಾಲಿಡುವ ಕಾಲ ಬಂದರೂ ಹಳ್ಳಿಯವರು ಹಿಡಿಕೆ ಹಿಡಿದು ಹತ್ತುತ್ತಲೇ ಉಳಿದರು.

ಇನ್ನೊಂದು ಸಂಗತಿಯೂ ಇದೆ. ಸಾರಿಗೆ ಸಂಸ್ಥೆಗಳಲ್ಲಿ ಹೊಸ ಬಸ್ಸು ಸಾಮಾನ್ಯವಾಗಿ ಮೊದಲು ದೂರದ ಮಾರ್ಗಕ್ಕೆ ಹೋಗುತ್ತದೆ. ಒಂದಿಷ್ಟು ಲಕ್ಷ ಕಿಲೋಮೀಟರ್ ಓಡಿದ ಮೇಲೆ ಸಾಮಾನ್ಯ ಸಾರಿಗೆಗೆ, ಕೊನೆಗೆ ಹತ್ತಿರದ ಹಳ್ಳಿ ಮಾರ್ಗಕ್ಕೆ ಇಳಿಯುತ್ತದೆ. ದಾರಿಯಲ್ಲಿ ಕೆಟ್ಟರೂ ಡಿಪೊ ಹತ್ತಿರವಿರಲಿ ಎಂಬುದು ಇದರ ತರ್ಕ. ತಾಂತ್ರಿಕವಾಗಿ ಸರಿಯಾದ ತರ್ಕವೇ. ಆದರೆ ಫಲವೇನು? ಅತ್ಯಂತ ಹಳೆಯ ಬಸ್ಸು ಅತ್ಯಂತ ಕೆಟ್ಟ ರಸ್ತೆಯಲ್ಲಿ, ಬೇರೆ ವಾಹನವಿಲ್ಲದ ಜನರನ್ನು ಹೊತ್ತು ಓಡುತ್ತದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಆಳಂದ ಅವುಗಳಲ್ಲಿ ಒಂದು.

ಹೊಗೆಯ ಲೆಕ್ಕ, ಜನರ ಲೆಕ್ಕ

ಭಾರಿ ಡೀಸೆಲ್ ವಾಹನಗಳಿಗೆ ದೇಶದಾದ್ಯಂತ ಕಟ್ಟುನಿಟ್ಟಿನ ಮಿತಿಗಳು ಬಂದದ್ದು 2000ದಲ್ಲಿ. ಆಗ ಒಂದು ಕಿಲೋವ್ಯಾಟ್-ಗಂಟೆ ಕೆಲಸಕ್ಕೆ 0.36 ಗ್ರಾಂ ಮಸಿ ಕಣಗಳನ್ನು ಉಗುಳಲು ಅವಕಾಶವಿತ್ತು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದಲ್ಲಿ ಇದು 0.01 ಗ್ರಾಂ. ನೈಟ್ರೋಜನ್ ಆಕ್ಸೈಡುಗಳ ಮಿತಿ 8 ಗ್ರಾಂನಿಂದ 0.4 ಗ್ರಾಂಗೆ ಇಳಿಯಿತು. ನಡುವೆ ಪರೀಕ್ಷಾ ವಿಧಾನವೂ ಬದಲಾಗಿರುವುದರಿಂದ ಇದು ಸ್ಥೂಲ ಹೋಲಿಕೆ. ಆದರೂ, ಹಳೆಯ ಒಂದು ಬಸ್ಸಿಗೆ ಅನುಮತಿಸಿದ್ದ ಮಸಿ ಹೊಸ 36 ಬಸ್ಸುಗಳಿಗೆ ಸಮ ಎಂದಾಯಿತು. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ತೀರ್ಮಾನಿಸಿತು. ಇದರ ಭಾರವನ್ನು ಹೆಚ್ಚು ಹೊರುವವರು ಚಾಲಕರು, ನಿರ್ವಾಹಕರು, ಡಿಪೊ ಮೆಕ್ಯಾನಿಕರು ಮತ್ತು ಬಸ್ ನಿಲ್ದಾಣದಲ್ಲಿ ದಿನವಿಡೀ ಕುಳಿತು ವ್ಯಾಪಾರ ಮಾಡುವವರು.

ಈಗ ಇನ್ನೊಂದು ಕಡೆಯ ಲೆಕ್ಕ ನೋಡಿ. ಲೀಟರಿಗೆ 4 ಕಿಲೋಮೀಟರ್ ಮಾತ್ರ ಓಡುವ ಮುದಿ ಬಸ್ಸಿನಲ್ಲಿ 50 ಜನರಿದ್ದಾರೆ ಎಂದಿಟ್ಟುಕೊಳ್ಳಿ. ಆಗ ಒಂದು ಲೀಟರಿಗೆ 200 ಪ್ರಯಾಣಿಕ-ಕಿಲೋಮೀಟರ್ ಆಯಿತು. ಲೀಟರಿಗೆ 50 ಕಿಲೋಮೀಟರ್ ಓಡುವ ಬೈಕಿನಲ್ಲಿ ಒಬ್ಬರಿದ್ದರೆ 50, ಇಬ್ಬರಿದ್ದರೆ 100. ಇಂಧನದ ಮಿತವ್ಯಯದಲ್ಲಿ ಮುದಿ ಬಸ್ಸೂ ಹೊಸ ಬೈಕನ್ನು ಸೋಲಿಸುತ್ತದೆ. ಮಸಿಯ ಲೆಕ್ಕದಲ್ಲಿ ಬಸ್ಸು ಅಪರಾಧಿ, ಇಂಧನದ ಲೆಕ್ಕದಲ್ಲಿ ಉಪಕಾರಿ.

ಇಲ್ಲಿಯೇ ನಿರ್ಧಾರ ಕಠಿಣವಾಗುವುದು. ಹಳೆಯ ಬಸ್ಸಿನ ಜಾಗಕ್ಕೆ ಹೊಸ ಬಸ್ಸು ಬಂದರೆ ಎರಡೂ ಲೆಕ್ಕದಲ್ಲಿ ಲಾಭ. ಯಾವ ಬಸ್ಸೂ ಬಾರದೆ ಜನ ಬೈಕಿಗೆ, ತುಂಬಿ ತುಳುಕುವ ಜೀಪಿಗೆ, ಟಂಟಂಗೆ ತಿರುಗಿದರೆ ಮಸಿ ಒಂದಿಷ್ಟು ಕಡಿಮೆಯಾದರೂ ಇಂಧನ, ಖರ್ಚು ಮತ್ತು ಅಪಘಾತದ ಭಯ ಮೂರೂ ಹೆಚ್ಚುತ್ತವೆ.

ಹದಿನೈದು ವರ್ಷದ ಗೆರೆ

2023ರ ಜನವರಿ 16ರಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿತು. ಅದರ ಪ್ರಕಾರ ಸರ್ಕಾರಗಳಿಗೆ, ಸ್ಥಳೀಯ ಸಂಸ್ಥೆಗಳಿಗೆ, ಸಾರಿಗೆ ನಿಗಮಗಳಿಗೆ ಸೇರಿದ, 15 ವರ್ಷ ಮೀರಿದ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ಊರ್ಜಿತವಲ್ಲ. ಅವನ್ನು ನೋಂದಾಯಿತ ಗುಜರಿ ಕೇಂದ್ರಗಳಲ್ಲಿಯೇ ಒಡೆಯಬೇಕು. ಇದರಲ್ಲಿ ಒಂದು ಒಳಿತಿದೆ. ಒಂದು ಬಸ್ಸಿನಲ್ಲಿ ಮತ್ತೆ ಬಳಸಬಹುದಾದ ಉಕ್ಕು, ಅಲ್ಯೂಮಿನಿಯಂ, ತಾಮ್ರ ಇರುವಂತೆಯೇ ಸೀಸ-ಆಮ್ಲದ ಬ್ಯಾಟರಿ, ಹಳೆಯ ಆಯಿಲ್, ಟೈರುಗಳೂ ಇರುತ್ತವೆ. ಬಯಲಿನಲ್ಲಿ ಒಡೆದರೆ ಸೀಸ ಮಣ್ಣಿಗೆ, ಆಯಿಲ್ ಚರಂಡಿಗೆ ಸೇರುತ್ತದೆ.

ಅದೇ ವರ್ಷ ಜೂನ್ 11ರಂದು ರಾಜ್ಯದಲ್ಲಿ ಶಕ್ತಿ ಯೋಜನೆ ಆರಂಭವಾಯಿತು. ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು, ಪ್ರಯಾಣಿಕರ ಸಂಖ್ಯೆ ಏರಿತು. ಅದಕ್ಕೆ ಮುಂಚಿನ ಕೋವಿಡ್ ವರ್ಷಗಳಲ್ಲಿ ಆದಾಯ ಕುಸಿದು ಹೊಸ ಬಸ್ಸಿನ ಖರೀದಿ ಹಿಂದೆ ಬಿದ್ದಿತ್ತು. ಒಂದು ಕಡೆ ಹಳೆಯವು ಹೊರಹೋಗಬೇಕು, ಇನ್ನೊಂದು ಕಡೆ ಹತ್ತುವವರು ಹೆಚ್ಚಿದ್ದಾರೆ. ಈ ಇಕ್ಕಟ್ಟಿನಲ್ಲಿ ಕೆಎಸ್‌ಆರ್‌ಟಿಸಿ ತನ್ನ ಕಾರ್ಯಾಗಾರಗಳಲ್ಲಿ ಹಳೆಯ ಬಸ್ಸುಗಳ ಬಾಡಿಯನ್ನು ನವೀಕರಿಸುವ ಕೆಲಸವನ್ನೂ ಕೈಗೊಂಡಿತು. ಮೈ ಹೊಸದಾದರೆ ಪ್ರಯಾಣ ಸುಖಕರವಾಗುತ್ತದೆ, ಬಸ್ಸಿನ ಆಯುಷ್ಯ ಒಂದಷ್ಟು ವರ್ಷ ಹೆಚ್ಚುತ್ತದೆ. ಆದರೆ ಒಳಗಿನ ಎಂಜಿನ್ ತನ್ನ ಹಳೆಯ ಮಾನದಂಡದ ಹೊಗೆಯನ್ನೇ ಉಗುಳುತ್ತದೆ ಎಂಬುದನ್ನು ಮರೆಯಬಾರದು.

ಗುಜರಿಗೆ ಹೋಗಬೇಕಿದ್ದ ಬಸ್ಸು ಬೇರೆ ಅವತಾರ ತಾಳಿದ್ದೂ ಉಂಟು. 2020ರಲ್ಲಿ ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಹಳೆಯ ಬಸ್ಸೊಂದನ್ನು ಮಹಿಳೆಯರ ಶೌಚಾಲಯವಾಗಿ ಮಾರ್ಪಡಿಸಲಾಯಿತು. ಒಳ್ಳೆಯ ಉಪಾಯವೇ, ಆದರೆ ನೂರಾರು ಬಸ್ಸುಗಳ ಪ್ರಶ್ನೆಗೆ ಇದು ಉತ್ತರವಲ್ಲ.

ವಸ್ತಿ ಬಸ್ಸಿನ ಪ್ರಶ್ನೆ

ನಮ್ಮ ಕಡೆ ‘ವಸ್ತಿ ಬಸ್’ ಎಂಬ ಮಾತಿದೆ. ರಾತ್ರಿ ಹಳ್ಳಿಗೆ ಬಂದು ಅಲ್ಲೇ ತಂಗಿ, ನಸುಕಿನಲ್ಲಿ ಹೊರಡುವ ಬಸ್ಸು ಅದು. ಹಾಲು-ತರಕಾರಿ ಮಾರುವವರು, ಜಿಲ್ಲಾ ಆಸ್ಪತ್ರೆಗೆ ಹೋಗುವ ರೋಗಿ, ಕೂಲಿಗೆ ಹೊರಟವರು, ಕಾಲೇಜಿಗೆ ಹೋಗುವ ಹುಡುಗಿಯರು ಎಲ್ಲರೂ ಅದನ್ನೇ ನಂಬಿರುತ್ತಾರೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ, ಕಲಬುರಗಿ–ಆಳಂದ ರಸ್ತೆಯ ಮೇಲೆ. ಹಳ್ಳಿಯ ಮನೆಯಿಂದ ಅಲ್ಲಿಗೆ ನಿತ್ಯ ಹೋಗಿ ಬರುವ ವಿದ್ಯಾರ್ಥಿನಿಯ ಓದು ಮುಂಜಾನೆಯ ಬಸ್ಸಿನ ಮೇಲೆ ನಿಂತಿದೆ. ಬಸ್ಸು ತಪ್ಪಿದರೆ ಒಂದು ದಿನದ ಪಾಠ ಹೋಗುತ್ತದೆ. ಬಸ್ಸೇ ನಿಂತರೆ ‘ಓದು ಸಾಕು’ ಎನ್ನುವ ಮನೆಗಳು ಇನ್ನೂ ಇವೆ.

ಆದುದರಿಂದ ಬಸ್ಸುಗಳ ನಿವೃತ್ತಿಯನ್ನು ಎಷ್ಟು ವಾಹನ ಗುಜರಿಗೆ ಹೋದವು ಎಂಬ ಒಂದೇ ಅಂಕಿಯಿಂದ ಅಳೆಯಲಾಗದು. ಪಕ್ಕದಲ್ಲಿ ಇನ್ನೊಂದು ಅಂಕಿ ಇರಬೇಕು: ಅವು ಓಡುತ್ತಿದ್ದ ಟ್ರಿಪ್‌ಗಳಲ್ಲಿ ಎಷ್ಟು ಉಳಿದವು? ಮುಂದಿನ ಬಾರಿ ನಿಮ್ಮೂರಿನ ಮುದಿ ಬಸ್ಸು ಕಾಣೆಯಾದಾಗ, ಅದು ಹೋದದ್ದು ಒಳ್ಳೆಯದೇ ಆಯಿತು ಎಂದು ನೀವು ಸಮಾಧಾನಪಡಬಹುದು. ಜೊತೆಗೆ ಡಿಪೊಗೆ ಹೋಗಿ ಒಂದು ಪ್ರಶ್ನೆ ಕೇಳಿ: ನಾಳೆ ಬೆಳಿಗ್ಗೆ ಆ ಹೊತ್ತಿಗೆ ಯಾವ ಬಸ್ಸು ಬರುತ್ತದೆ? ಸವೆದ ಯಂತ್ರ ವಿಶ್ರಾಂತಿ ಪಡೆಯಲಿ. ಅದು ಕಟ್ಟಿಕೊಟ್ಟ ದಾರಿ ಮಾತ್ರ ಮುಚ್ಚದಿರಲಿ.