ವಯಸ್ಕರ ಶುಶ್ರೂಷೆಯಲ್ಲಿ ಉನ್ನತ ರೋಗಿತಪಾಸಣೆ

ವಯಸ್ಕ ರೋಗಿಯನ್ನು ನರ್ಸ್ ತಾನೇ ವಿಚಾರಿಸಿ, ಮೈಯನ್ನು ಕ್ರಮವಾಗಿ ಪರೀಕ್ಷಿಸಿ, ಕಂಡದ್ದನ್ನು ರೋಗಿಯ ಹಿಂದಿನ ಸ್ಥಿತಿಯೊಡನೆ ಹೋಲಿಸಿ, ಮುಂದೇನು ಮಾಡಬೇಕೆಂದು ತೀರ್ಮಾನಿಸುವ ಕೌಶಲಗಳ ಸಮೂಹ. ಜ್ವರ, ನಾಡಿ, ಉಸಿರು, ಬಿಪಿಗಳನ್ನು ಅಳೆದು ಚಾರ್ಟಿನಲ್ಲಿ ಬರೆಯುವುದು ಎಲ್ಲ ನರ್ಸ್‌ಗಳ ನಿತ್ಯದ ಕೆಲಸ. ಎದೆಯನ್ನು ತಟ್ಟಿ ನೋಡಿ ಶ್ವಾಸಕೋಶದ ಸುತ್ತ ನೀರು ನಿಂತಿರಬಹುದೇ ಎಂದು ಊಹಿಸುವುದು, ಕುತ್ತಿಗೆಯ ಸಿರೆಯ ಉಬ್ಬನ್ನು ಕಂಡು ಹೃದಯದ ಮೇಲಿನ ಹೊರೆಯನ್ನು ಅಂದಾಜಿಸುವುದು, ಮಂಪರಿನಲ್ಲಿರುವ ರೋಗಿಯ ಪ್ರಜ್ಞಾಮಟ್ಟವನ್ನು ಗೊತ್ತುಮಾಡುವುದು ಉನ್ನತ ತಪಾಸಣೆಗೆ ಸೇರುತ್ತವೆ. ಹಗಲೂ ರಾತ್ರಿಯೂ ರೋಗಿಯ ಬಳಿ ಇರುವವರು ನರ್ಸ್‌ಗಳಾದ್ದರಿಂದ, ಸ್ಥಿತಿ ಹದಗೆಡುತ್ತಿರುವ ಮೊದಲ ಸೂಚನೆ ಅವರ ಕಣ್ಣಿಗೆ ಬೀಳಬೇಕು. ಈ ತಪಾಸಣೆಯ ಮುಖ್ಯ ಗುರಿ ಅದೇ.

ಬ್ರಿಟನ್ನಿನಲ್ಲಿ ನರ್ಸ್‌ಗಳ ನೋಂದಣಿಗೆ ನಾಲ್ಕು ವಿಭಾಗಗಳಿವೆ: ವಯಸ್ಕರು, ಮಕ್ಕಳು, ಮಾನಸಿಕ ಆರೋಗ್ಯ, ಕಲಿಕಾ ನ್ಯೂನತೆಯುಳ್ಳವರು. ಭಾರತದಲ್ಲಿ ವಯಸ್ಕರ ಶುಶ್ರೂಷೆಯನ್ನು ಬಹುಕಾಲ ಮೆಡಿಕಲ್-ಸರ್ಜಿಕಲ್ ನರ್ಸಿಂಗ್ ಎಂದು ಕರೆಯಲಾಗುತ್ತಿತ್ತು. ಭಾರತೀಯ ಶುಶ್ರೂಷಾ ಪರಿಷತ್ತಿನ ಪರಿಷ್ಕೃತ ಬಿ.ಎಸ್‌ಸಿ. ಪಠ್ಯಕ್ರಮದಲ್ಲಿ ಅದು ಅಡಲ್ಟ್ ಹೆಲ್ತ್ ನರ್ಸಿಂಗ್ ಎಂಬ ಹೆಸರಿನಲ್ಲಿದೆ.

ಇತಿಹಾಸ

ರೋಗಿಯನ್ನು ಗಮನಿಸುವುದೇ ಶುಶ್ರೂಷೆಯ ತಿರುಳು ಎಂಬ ಮಾತಿಗೆ ಭದ್ರ ಬುನಾದಿ ಹಾಕಿದವಳು ಫ್ಲಾರೆನ್ಸ್ ನೈಟಿಂಗೇಲ್. 1859ರಲ್ಲಿ ಪ್ರಕಟವಾದ ಶುಶ್ರೂಷೆಯ ಟಿಪ್ಪಣಿಗಳ ಪುಸ್ತಕದಲ್ಲಿ ಆಕೆ ರೋಗಿಯ ವೀಕ್ಷಣೆಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಳು. ತಪಾಸಣೆಯ ವಿಧಾನಗಳು ಮಾತ್ರ ವೈದ್ಯರ ಕೈಯಲ್ಲಿ ರೂಪುಗೊಂಡವು. ಎದೆಯನ್ನು ತಟ್ಟಿ ಶಬ್ದದಿಂದ ಒಳಗಿನ ಸ್ಥಿತಿ ತಿಳಿಯುವ ಕ್ರಮವನ್ನು ವಿಯೆನ್ನಾದ ಲಿಯೋಪೋಲ್ಡ್ ಔಯೆನ್‌ಬ್ರುಗರ್ 1761ರಲ್ಲಿ ವಿವರಿಸಿದ. ಪ್ಯಾರಿಸ್ಸಿನ ರೆನೆ ಲೆನೆಕ್ 1816ರಲ್ಲಿ ಸ್ಟೆತಾಸ್ಕೋಪ್ ರೂಪಿಸಿದ. 1896ರಲ್ಲಿ ಇಟಲಿಯ ರಿವಾ-ರೋಚಿ ತೋಳುಪಟ್ಟಿಯ ಬಿಪಿ ಉಪಕರಣವನ್ನು ತಂದ. 1905ರಲ್ಲಿ ರಷ್ಯದ ನಿಕೊಲಾಯ್ ಕೊರೊಟ್ಕೊವ್ ಪಟ್ಟಿಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಮೇಲಿನ, ಕೆಳಗಿನ ಎರಡೂ ಒತ್ತಡಗಳನ್ನು ಗುರುತಿಸುವ ದಾರಿ ತೋರಿಸಿದ.

ಇಪ್ಪತ್ತನೆಯ ಶತಮಾನದಲ್ಲಿ ಈ ಉಪಕರಣಗಳು ಒಂದೊಂದಾಗಿ ನರ್ಸ್‌ಗಳ ಕೈಗೆ ಬಂದವು. 1962ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಹೃದ್ರೋಗಿಗಳ ತೀವ್ರ ನಿಗಾ ಘಟಕ ಆರಂಭವಾಯಿತು. ಇಂಥ ಘಟಕಗಳಲ್ಲಿ ಇಸಿಜಿಯ ಗೆರೆ ಓದಿ, ವೈದ್ಯರು ಬರುವ ಮೊದಲೇ ವಿದ್ಯುದಾಘಾತ ಕೊಟ್ಟು ಹೃದಯದ ಲಯ ಸರಿಪಡಿಸುವ ಹೊಣೆ ನರ್ಸ್‌ಗಳ ಮೇಲೆ ಬಿತ್ತು. 1965ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನರ್ಸ್ ಲೊರೆಟ್ಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಸೇರಿ ಮೊದಲ ನರ್ಸ್ ಪ್ರಾಕ್ಟಿಷನರ್ ತರಬೇತಿ ಆರಂಭಿಸಿದರು. ಅದು ಮಕ್ಕಳ ಆರೋಗ್ಯಕ್ಕೆ ಸಂಬಂಧಿಸಿದ್ದಾಗಿದ್ದರೂ ಮುಂದೆ ವಯಸ್ಕರ ಶುಶ್ರೂಷೆಗೂ ಅದೇ ಮಾದರಿಯಾಯಿತು. ಇಂಗ್ಲೆಂಡ್ 2017ರಲ್ಲಿ ಪ್ರಕಟಿಸಿದ ಚೌಕಟ್ಟು ಉನ್ನತ ಮಟ್ಟದ ಕೆಲಸಕ್ಕೆ ಚಿಕಿತ್ಸೆ, ನಾಯಕತ್ವ, ಬೋಧನೆ, ಸಂಶೋಧನೆ ಎಂಬ ನಾಲ್ಕು ಆಧಾರಗಳನ್ನು ಗುರುತಿಸಿ, ಸ್ನಾತಕೋತ್ತರ ಮಟ್ಟದ ಕಲಿಕೆಯನ್ನು ಅಪೇಕ್ಷಿಸಿತು.

ವಿಚಾರಣೆ

ತಪಾಸಣೆ ಮಾತಿನಿಂದ ಶುರುವಾಗುತ್ತದೆ. ನೋವಿದ್ದರೆ ಎಲ್ಲಿ, ಯಾವಾಗಿನಿಂದ, ಎಂಥದ್ದು, ಎಲ್ಲಿಗೆ ಹರಡುತ್ತದೆ, ಯಾವುದರಿಂದ ಹೆಚ್ಚುತ್ತದೆ, ಯಾವುದರಿಂದ ಕಡಿಮೆಯಾಗುತ್ತದೆ, ಎಷ್ಟು ಜೋರು ಎಂದು ಕೇಳಬೇಕು. ಹಿಂದಿನ ಕಾಯಿಲೆ, ಶಸ್ತ್ರಚಿಕಿತ್ಸೆ, ಔಷಧಗಳು, ಅಲರ್ಜಿ, ಮನೆಯಲ್ಲಿ ಯಾರಿಗಾದರೂ ಇರುವ ರೋಗ, ತಂಬಾಕು ಮತ್ತು ಮದ್ಯದ ರೂಢಿ, ಮನೆಯಲ್ಲಿ ನೋಡಿಕೊಳ್ಳುವವರು ಯಾರು ಎಂಬುದೆಲ್ಲ ನಂತರ ಬರುತ್ತವೆ.

ಅನುಭವಿಯು ಮೊದಲು ರೋಗಿಯನ್ನು ಮಾತಾಡಲು ಬಿಟ್ಟು, ಆಮೇಲೆ ಖಚಿತ ಪ್ರಶ್ನೆಗಳಿಗೆ ಇಳಿಯುತ್ತಾರೆ. ರೋಗಿ ಹೇಳುವ ಹೆಸರನ್ನು ಹಾಗೆಯೇ ಒಪ್ಪಿಕೊಳ್ಳುವುದಿಲ್ಲ. ಕರ್ನಾಟಕದ ಆಸ್ಪತ್ರೆಗಳಲ್ಲಿ 'ಎದೆಯಲ್ಲಿ ಗ್ಯಾಸ್ ಹಿಡ್ಕೊಂಡಿದೆ ಸಿಸ್ಟರ್' ಎಂದು ಬರುವವರು ಸಾಮಾನ್ಯ. ಆ ಗ್ಯಾಸ್ ಮೆಟ್ಟಿಲು ಹತ್ತಿದಾಗ ಬರುತ್ತದೆಯೇ, ಎಡತೋಳಿಗೋ ದವಡೆಗೋ ಹರಡುತ್ತದೆಯೇ, ಬೆವರುತ್ತದೆಯೇ ಎಂದು ಕೇಳಿದಾಗಲೇ ಹೊಟ್ಟೆಯ ತೊಂದರೆಗೂ ಹೃದಯಾಘಾತಕ್ಕೂ ಇರುವ ವ್ಯತ್ಯಾಸ ಹೊರಬರುತ್ತದೆ. ಅನುಮಾನವಿದ್ದರೆ ಇಸಿಜಿ ತಡವಾಗಬಾರದು.

ದೈಹಿಕ ತಪಾಸಣೆ

ಸ್ಥಿತಿ ಗಂಭೀರವಾಗಿದ್ದರೆ ಮೊದಲು ಎಬಿಸಿಡಿಇ ಕ್ರಮ: ಉಸಿರಿನ ದಾರಿ, ಉಸಿರಾಟ, ರಕ್ತ ಪರಿಚಲನೆ, ಪ್ರಜ್ಞೆ, ಕೊನೆಗೆ ಬಟ್ಟೆ ಸರಿಸಿ ಇಡೀ ಮೈಯ ಪರೀಕ್ಷೆ. ಪ್ರತಿ ಹಂತದಲ್ಲಿ ಕಂಡ ತೊಂದರೆಗೆ ಅಲ್ಲೇ ಪರಿಹಾರ ಆರಂಭಿಸಿ ಮುಂದಿನದಕ್ಕೆ ಹೋಗಬೇಕು. ಸ್ಥಿರವಾಗಿರುವ ರೋಗಿಯಲ್ಲಿ ನೋಡುವುದು, ಮುಟ್ಟುವುದು, ತಟ್ಟುವುದು, ಆಲಿಸುವುದು ಎಂಬ ನಾಲ್ಕು ವಿಧಾನಗಳನ್ನು ಅದೇ ಕ್ರಮದಲ್ಲಿ ಬಳಸುತ್ತಾರೆ. ಹೊಟ್ಟೆಯ ಪರೀಕ್ಷೆಯಲ್ಲಿ ಮಾತ್ರ ನೋಡಿದ ಮೇಲೆ ಮೊದಲು ಆಲಿಸಬೇಕೆಂದು ಶುಶ್ರೂಷಾ ಪಠ್ಯಗಳು ಹೇಳುತ್ತವೆ. ಕೈಯಿಂದ ಒತ್ತಿದರೆ ಕರುಳಿನ ಸದ್ದು ಬದಲಾಗಬಹುದು ಎಂಬುದು ಅದಕ್ಕೆ ಕೊಡುವ ಕಾರಣ.

ಎದೆಯ ಪರೀಕ್ಷೆ ಈ ವಿಧಾನಗಳ ಕೂಡು ಉಪಯೋಗಕ್ಕೆ ಒಳ್ಳೆಯ ನಿದರ್ಶನ. ಎಡಗೈಯ ನಡುಬೆರಳನ್ನು ಪಕ್ಕೆಲುಬುಗಳ ನಡುವೆ ಗಟ್ಟಿಯಾಗಿ ಊರಿ, ಅದರ ಗೆಣ್ಣಿನ ಮೇಲೆ ಬಲಗೈಯ ನಡುಬೆರಳ ತುದಿಯಿಂದ ಮಣಿಕಟ್ಟನ್ನು ಮಾತ್ರ ಆಡಿಸಿ ತಟ್ಟುತ್ತಾರೆ. ಒಂದು ಬದಿಯನ್ನು ತಟ್ಟಿದ ಕೂಡಲೇ ಇನ್ನೊಂದು ಬದಿಯ ಅದೇ ಜಾಗವನ್ನು ತಟ್ಟಿ ಹೋಲಿಸಬೇಕು. ಗಾಳಿ ತುಂಬಿದ ಶ್ವಾಸಕೋಶ ಅನುರಣಿಸುತ್ತದೆ. ನ್ಯುಮೋನಿಯಾದಿಂದ ಗಟ್ಟಿಯಾದ ಭಾಗದಲ್ಲಿ ಸದ್ದು ಮಂದವಾಗುತ್ತದೆ. ಅಲ್ಲಿ ಸ್ಟೆತಾಸ್ಕೋಪ್ ಇಟ್ಟರೆ ಚಿಟಿಚಿಟಿ ಸದ್ದೋ, ಕೊಳವೆಯಲ್ಲಿ ಊದಿದಂಥ ಉಸಿರೋ ಕೇಳಿಸುತ್ತದೆ. ನೀರು ನಿಂತಿದ್ದರೆ ತಟ್ಟಿದ ಸದ್ದು ಇನ್ನೂ ಮಂದ, ಉಸಿರಿನ ಸದ್ದೂ ಕ್ಷೀಣ. ಎದೆಗೂಡಿನಲ್ಲಿ ಗಾಳಿ ಸೇರಿ ಶ್ವಾಸಕೋಶ ಕುಗ್ಗಿದ್ದರೆ ತಟ್ಟಿದ ಸದ್ದು ಅತಿಯಾಗಿ ಅನುರಣಿಸುತ್ತದೆ, ಉಸಿರು ಮಾತ್ರ ಕೇಳುವುದಿಲ್ಲ. ಒಂದೇ ವಿಧಾನವನ್ನು ನಂಬಿದರೆ ಈ ಮೂರರ ನಡುವೆ ಗೊಂದಲವಾಗುತ್ತದೆ.

ಕಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಕೆಲವು ಚಿಹ್ನೆಗಳು ಪಠ್ಯಪುಸ್ತಕದ ಚಿತ್ರದಂತೆ ಕಾಣುವುದಿಲ್ಲ. ರಕ್ತಹೀನತೆಯನ್ನು ಕೆಳರೆಪ್ಪೆಯ ಒಳಭಾಗದಲ್ಲಿ, ಆಮ್ಲಜನಕದ ಕೊರತೆಯ ನೀಲಿಯನ್ನು ನಾಲಗೆ ಮತ್ತು ಬಾಯಿಯ ಒಳಪದರದಲ್ಲಿ ಹುಡುಕಬೇಕು. ಹಾಸಿಗೆ ಹುಣ್ಣಿನ ಮೊದಲ ಹಂತದ ಕೆಂಪು ಕಾಣದಿದ್ದಾಗ ಆ ಜಾಗದ ಬಿಸಿ, ಗಡಸುತನ, ನೋವುಗಳನ್ನು ಕೈಯಿಂದ ಮುಟ್ಟಿ ತಿಳಿಯಬೇಕು.

ಉಪಕರಣದ ಅಂಕಿಯೂ ತಪ್ಪಬಹುದು. ತೋಳಿಗೆ ಚಿಕ್ಕದಾದ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರುತ್ತದೆ. ತಣ್ಣಗಿನ ಬೆರಳು, ಉಗುರುಬಣ್ಣಗಳಿಂದ ಪಲ್ಸ್ ಆಕ್ಸಿಮೀಟರ್ ಎಡವುತ್ತದೆ. ಕಪ್ಪು ಚರ್ಮದವರಲ್ಲಿ ಅದು ಆಮ್ಲಜನಕದ ಕೊರತೆಯನ್ನು ಹೆಚ್ಚಾಗಿ ಮುಚ್ಚಿಡುತ್ತದೆಂದು 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿತು.

ಅಂಕಪಟ್ಟಿಗಳು

ಒಬ್ಬರು ಕಂಡದ್ದನ್ನು ಮತ್ತೊಬ್ಬರು ಅದೇ ಅರ್ಥದಲ್ಲಿ ಓದಲು ಅಂಕಪಟ್ಟಿಗಳು ಬೇಕಾದವು. ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ 1974ರಲ್ಲಿ ಪ್ರಕಟಿಸಿದ ಗ್ಲಾಸ್ಗೋ ಕೋಮಾ ಮಾಪನ ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಅಂಗಚಲನೆಗೆ 6 ಅಂಕಗಳವರೆಗೆ ಕೊಡುತ್ತದೆ. ಒಟ್ಟು 15 ಪೂರ್ಣ ಎಚ್ಚರ, 3 ಅತಿ ಕನಿಷ್ಠ. ಹಾಸಿಗೆ ಹುಣ್ಣಿನ ಅಪಾಯ ತಿಳಿಯಲು 1980ರ ದಶಕದಲ್ಲಿ ಬಂದ ಬ್ರೇಡನ್ ಮತ್ತು ವಾಟರ್‌ಲೋ ಮಾಪನಗಳು ಬಳಕೆಯಲ್ಲಿವೆ.

ವಾರ್ಡ್‌ಗಳಲ್ಲಿ ಹೆಚ್ಚು ಪ್ರಭಾವ ಬೀರಿದ್ದು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು, 2017ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಮುನ್ನೆಚ್ಚರಿಕೆ ಅಂಕಪಟ್ಟಿ. ಪರಿಷ್ಕೃತ ರೂಪಕ್ಕೆ ನ್ಯೂಸ್-2 ಎಂದು ಹೆಸರು. ಉಸಿರಾಟದ ಗತಿ, ರಕ್ತದ ಆಮ್ಲಜನಕ, ಆಮ್ಲಜನಕ ಕೊಡಲಾಗುತ್ತಿದೆಯೇ ಎಂಬ ಅಂಶ, ಮೇಲಿನ ಬಿಪಿ, ನಾಡಿ, ಪ್ರಜ್ಞೆ, ಮೈಬಿಸಿ ಇವುಗಳಿಗೆ 0ಯಿಂದ 3ರವರೆಗೆ ಅಂಕ ಬೀಳುತ್ತದೆ. ಒಟ್ಟು 5 ಅಥವಾ 6 ಆದರೆ ವೈದ್ಯರು ತುರ್ತಾಗಿ ನೋಡಬೇಕು; 7 ಅಥವಾ ಹೆಚ್ಚಾದರೆ ತೀವ್ರ ನಿಗಾ ತಂಡವನ್ನು ಕರೆಯಬೇಕು.

ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಮರುದಿನದ ಒಬ್ಬ ರೋಗಿಯ ಕಲ್ಪಿತ ಉದಾಹರಣೆ ನೋಡಬಹುದು. ಮಧ್ಯಾಹ್ನ 2 ಗಂಟೆಗೆ ಉಸಿರು 18, ಆಮ್ಲಜನಕ ಶೇ. 96, ನಾಡಿ 88, ಬಿಪಿ 124, ಮೈಬಿಸಿ 37.4 ಡಿಗ್ರಿ ಸೆಲ್ಸಿಯಸ್, ಪೂರ್ಣ ಎಚ್ಚರ: ಅಂಕ 0. ಸಂಜೆ 6ಕ್ಕೆ ಉಸಿರು 22, ಆಮ್ಲಜನಕ ಶೇ. 95, ನಾಡಿ 104, ಬಿಪಿ 108, ಮೈಬಿಸಿ 38.3. ಇವುಗಳಲ್ಲಿ ಯಾವುದೊಂದೂ ತಾನಾಗಿ ಗಾಬರಿ ಹುಟ್ಟಿಸುವುದಿಲ್ಲ. ಆದರೆ ಉಸಿರಿಗೆ 2, ಉಳಿದ ನಾಲ್ಕಕ್ಕೆ ಒಂದೊಂದರಂತೆ ಒಟ್ಟು 6 ಆಗುತ್ತದೆ. ಸೋಂಕು ರಕ್ತಕ್ಕೆ ಹರಡುತ್ತಿದೆಯೇ ಎಂದು ಆ ಗಳಿಗೆಯಲ್ಲೇ ಯೋಚಿಸಬೇಕು.

ಉಸಿರಾಟದ ಗತಿಗೆ ಇಷ್ಟು ತೂಕವಿದ್ದರೂ ವಾರ್ಡ್‌ಗಳಲ್ಲಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವ ಅಳತೆ ಅದೇ. ಎಣಿಸಲು ಪೂರ್ತಿ ಒಂದು ನಿಮಿಷ ಬೇಕು. ಎಣಿಸುತ್ತಿದ್ದಾರೆಂದು ಗೊತ್ತಾದರೆ ರೋಗಿಯ ಉಸಿರು ಬದಲಾಗುತ್ತದೆ. ಹಾಗಾಗಿ ನಾಡಿ ನೋಡಿ ಮುಗಿದ ಮೇಲೂ ಕೈ ಬಿಡದೆ, ಎದೆಯ ಏರಿಳಿತವನ್ನು ಎಣಿಸುವುದು ರೂಢಿ. ಕೇಸ್ ಶೀಟಿನಲ್ಲಿ ಎಲ್ಲ ರೋಗಿಗಳಿಗೂ ದಿನವಿಡೀ ಒಂದೇ ಅಂಕಿ ಬರೆದಿದ್ದರೆ ಅದು ಎಣಿಸದ ಅಂಕಿ ಎಂದು ಹಿರಿಯ ಸಿಸ್ಟರ್‌ಗಳು ಒಂದೇ ನೋಟಕ್ಕೆ ಹೇಳಬಲ್ಲರು.

ಅಂಕಪಟ್ಟಿಗೂ ಮಿತಿಗಳಿವೆ. ದೀರ್ಘಕಾಲದ ಶ್ವಾಸಕೋಶ ಕಾಯಿಲೆಯಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ ಕೆಲವರಿಗೆ ಶೇ. 88ರಿಂದ 92ರ ಆಮ್ಲಜನಕವೇ ಸರಿಯಾದ ಗುರಿ. ಅವರಿಗೆಂದು ನ್ಯೂಸ್-2ರಲ್ಲಿ ಬೇರೆ ಅಳತೆಗೋಲಿದೆ. ಗರ್ಭಿಣಿಯರಿಗೆ ಈ ಪಟ್ಟಿ ಅನ್ವಯಿಸುವುದಿಲ್ಲ. ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ರಕ್ತಸ್ರಾವವಾಗುತ್ತಿದ್ದರೂ ನಾಡಿ ಏರದೆ ಇರಬಹುದು. ಅಂಕ ಕಡಿಮೆಯಿದ್ದರೂ ನರ್ಸ್‌ಗೆ ಆತಂಕವೆನಿಸಿದರೆ ವೈದ್ಯರನ್ನು ಕರೆಯಬಹುದು ಎಂಬುದನ್ನು ಈ ವ್ಯವಸ್ಥೆಯೇ ಒಪ್ಪುತ್ತದೆ.

ವಯೋವೃದ್ಧರು

ವಯಸ್ಸಾದವರಲ್ಲಿ ರೋಗ ಮುಖ ಮರೆಸಿಕೊಂಡು ಬರುತ್ತದೆ. ಎದೆನೋವಿಲ್ಲದೆ ಹೃದಯಾಘಾತ, ಜ್ವರವಿಲ್ಲದೆ ನ್ಯುಮೋನಿಯಾ ಆಗಬಹುದು. ನಿನ್ನೆ ಮಗನ ಹೆಸರು ಹೇಳುತ್ತಿದ್ದ ಅಜ್ಜಿ ಇಂದು ತಡವರಿಸಿದರೆ ವಯಸ್ಸಿನ ಮರೆವೆಂದು ಬಿಡುವಂತಿಲ್ಲ. ಹೊಸದಾಗಿ ಕಂಡ ಗೊಂದಲಕ್ಕೆ ನ್ಯೂಸ್-2 ಒಮ್ಮೆಗೇ 3 ಅಂಕ ಕೊಡುತ್ತದೆ. ಅದು ಹೊಸದೋ ಹಳೆಯದೋ ಎಂದು ಹೇಳಬಲ್ಲವರು ಜೊತೆಗಿರುವ ಮನೆಯವರು. ಅವರನ್ನು ಕೇಳುವುದೂ ತಪಾಸಣೆಯ ಭಾಗ. ಮಲಗಿದ್ದವರು ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನ ಬಿಪಿ 10 ಮಿ.ಮೀ. ಇಳಿದರೆ ಬೀಳುವ ಅಪಾಯವಿದೆ ಎಂದರ್ಥ.

ವರದಿ

ಕಂಡದ್ದನ್ನು ತಕ್ಕವರಿಗೆ ತಲುಪಿಸದಿದ್ದರೆ ತಪಾಸಣೆ ಪೂರ್ಣವಾಗದು. ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗಳಿಗೆ ಬಂದ ಎಸ್‌ಬಾರ್ ಕ್ರಮದಲ್ಲಿ ಈಗಿನ ಸ್ಥಿತಿ, ಹಿನ್ನೆಲೆ, ತನ್ನ ಅಂದಾಜು, ಆಗಬೇಕಾದ ಕೆಲಸ ಎಂಬ ನಾಲ್ಕು ಭಾಗಗಳಿವೆ. 'ಪೇಷೆಂಟ್ ಯಾಕೋ ಸರಿಯಿಲ್ಲ ಸರ್' ಎಂಬ ಫೋನಿಗಿಂತ 'ನಾಲ್ಕು ಗಂಟೆಯಲ್ಲಿ ಅಂಕ 0ಯಿಂದ 6ಕ್ಕೆ ಏರಿದೆ, ಸೋಂಕಿನ ಅನುಮಾನವಿದೆ, ಈಗಲೇ ಬಂದು ನೋಡಬೇಕು' ಎಂಬುದಕ್ಕೆ ಬೇಗ ಉತ್ತರ ಸಿಗುತ್ತದೆ. ಹಿರಿಯ ವೈದ್ಯರ ಮುಂದೆ ತನ್ನ ಅಂದಾಜನ್ನು ಹೇಳುವ ಧೈರ್ಯವೂ ಅಭ್ಯಾಸದಿಂದಲೇ ಬರುತ್ತದೆ.

ಕೌಶಲ ಬೆಳೆಯುವ ಬಗೆ

ಪೆಟ್ರಿಷಿಯಾ ಬೆನರ್ 1984ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನರ್ಸ್‌ನ ಬೆಳವಣಿಗೆಯನ್ನು ಹೊಸಬರಿಂದ ಪರಿಣತರವರೆಗೆ ಐದು ಹಂತಗಳಲ್ಲಿ ವಿವರಿಸಿದರು. ಹೊಸಬರು ನಿಯಮ ಹಿಡಿದು ನಡೆಯುತ್ತಾರೆ. ಒಂದೇ ಬಗೆಯ ವಾರ್ಡಿನಲ್ಲಿ ಎರಡು ಮೂರು ವರ್ಷ ದುಡಿದವರು ಸಮರ್ಥರೆನಿಸುತ್ತಾರೆ. ಪರಿಣತರು ಒಟ್ಟು ಸನ್ನಿವೇಶವನ್ನು ಒಮ್ಮೆಗೇ ಗ್ರಹಿಸುತ್ತಾರೆ. ಬರೀ ವರ್ಷಗಳು ಉರುಳಿದರೆ ಪರಿಣತಿ ಬರುವುದಿಲ್ಲ. ತಾನು ಕೇಳಿದ ಎದೆಯ ಸದ್ದನ್ನು ಎಕ್ಸ್‌ರೇಯೊಡನೆ, ತನ್ನ ಅಂದಾಜನ್ನು ವೈದ್ಯರ ತೀರ್ಮಾನದೊಡನೆ ಹೋಲಿಸಿ ನೋಡುವ ರೂಢಿಯಿದ್ದರೆ ಮಾತ್ರ ಅನುಭವ ಪಾಠವಾಗುತ್ತದೆ.

ತರಬೇತಿಯಲ್ಲಿ ಮಾದರಿ ಗೊಂಬೆಗಳು, ರೋಗಿಯಂತೆ ನಟಿಸುವವರು, ಹಿರಿಯರ ಮೇಲ್ವಿಚಾರಣೆಯ ಬೆಡ್‌ಸೈಡ್ ಕಲಿಕೆ, ಪ್ರಕರಣಗಳ ಚರ್ಚೆ ಸೇರಿರುತ್ತವೆ. ಪರೀಕ್ಷೆಗೆ ಆಸ್ಕಿ ಎಂಬ ಕ್ರಮ ಪ್ರಚಲಿತ. ಡಂಡೀಯ ರೊನಾಲ್ಡ್ ಹಾರ್ಡನ್ 1975ರಲ್ಲಿ ವೈದ್ಯ ವಿದ್ಯಾರ್ಥಿಗಳಿಗಾಗಿ ಇದನ್ನು ಪರಿಚಯಿಸಿದರು. ವಿದ್ಯಾರ್ಥಿ ಒಂದೊಂದೇ ಸ್ಟೇಷನ್‌ಗೆ ಹೋಗಿ ನಿಗದಿತ ಸಮಯದಲ್ಲಿ ಒಂದೊಂದು ಕೆಲಸವನ್ನು ಮಾಡಿ ತೋರಿಸಬೇಕು. ಬ್ರಿಟನ್ನಿನಲ್ಲಿ ನೋಂದಾಯಿಸಿಕೊಳ್ಳಲು ಬಯಸುವ ವಿದೇಶಿ ನರ್ಸ್‌ಗಳಿಗೆ 2014ರಿಂದ ಇದು ಕಡ್ಡಾಯ. ಬೆಂಗಳೂರು, ಮಂಗಳೂರುಗಳಲ್ಲಿ ಓದಿ ಅಲ್ಲಿಗೆ ಹೋಗುವವರೂ ಅದನ್ನು ದಾಟಬೇಕು.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ 1947ರ ಕಾಯ್ದೆಯಡಿ ರೂಪುಗೊಂಡ ಭಾರತೀಯ ಶುಶ್ರೂಷಾ ಪರಿಷತ್ತು ಪಠ್ಯಕ್ರಮವನ್ನು ನಿರ್ಧರಿಸುತ್ತ ಬಂದಿದೆ. ಅದರ ಬದಲು ರಾಷ್ಟ್ರೀಯ ಆಯೋಗ ರಚಿಸುವ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ಬಿ.ಎಸ್‌ಸಿ. ನರ್ಸಿಂಗ್ ಪಠ್ಯದಲ್ಲಿ ಆರೋಗ್ಯ ತಪಾಸಣೆಗೆ ಪ್ರತ್ಯೇಕ ಘಟಕವಿದೆ. ತೀವ್ರ ನಿಗಾ ಘಟಕಗಳಿಗಾಗಿ ಎರಡು ವರ್ಷಗಳ ನರ್ಸ್ ಪ್ರಾಕ್ಟಿಷನರ್ ರೆಸಿಡೆನ್ಸಿಯನ್ನು ಪರಿಷತ್ತು ರೂಪಿಸಿದೆ. ಕರ್ನಾಟಕದ ಬಹುಪಾಲು ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ.

ಆಸ್ಪತ್ರೆಯ ಹೊರಗೂ ಈ ಕೌಶಲಕ್ಕೆ ಬೇಡಿಕೆ ಹೆಚ್ಚಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯ ಹಳ್ಳಿಯ ಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ದುಡಿಯುವವರಲ್ಲಿ ಅನೇಕರು ನರ್ಸಿಂಗ್ ಪದವೀಧರರು. 30 ವರ್ಷ ದಾಟಿದವರಲ್ಲಿ ಬಿಪಿ, ಸಕ್ಕರೆ ಕಾಯಿಲೆ, ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್‌ಗಳ ತಪಾಸಣೆ ಅವರ ಹೊಣೆ.

ಬ್ರಿಟನ್ನಿನಲ್ಲಿ ಅರ್ಹತೆ ಪಡೆದ ನರ್ಸ್ ತಾನೇ ಔಷಧ ಬರೆಯಬಹುದು. ಭಾರತದ ವಾರ್ಡ್ ನರ್ಸ್‌ಗೆ ಆ ಸ್ವತಂತ್ರ ಅಧಿಕಾರವಿಲ್ಲ. ಹಾಗಾಗಿ ಇಲ್ಲಿ ಆಕೆ ಕಂಡುಹಿಡಿದದ್ದು ಫಲ ಕೊಡುವುದು ಅದನ್ನು ಕೇಳಿ ಕ್ರಮ ಕೈಗೊಳ್ಳುವ ತಂಡವಿದ್ದಾಗ. ಒಬ್ಬರೇ ಹತ್ತಾರು ರೋಗಿಗಳನ್ನು ನೋಡಿಕೊಳ್ಳಬೇಕಾದ ಪಾಳಿಯಲ್ಲಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸುವುದೂ ಕಷ್ಟ. ತಪಾಸಣೆಯನ್ನು ಕಲಿಸಿ, ಅದಕ್ಕೆ ಬೇಕಾದ ಸಮಯವನ್ನೂ ಮಾತಿಗೆ ಮನ್ನಣೆಯನ್ನೂ ಕೊಡದ ಆಸ್ಪತ್ರೆಗೆ ಆ ಕಲಿಕೆಯಿಂದ ಸಿಗುವ ಪ್ರಯೋಜನ ಅತ್ಯಲ್ಪ.